ಕ್ಯಾಂಪರ್‌ವ್ಯಾನ್‌ನಲ್ಲಿ ಫ್ರಿಜ್ ನಿಂತರೆ ಮೊದಲು ಮೀಟರ್ ಹಿಡಿಯಿರಿ

ಟೆಂಪೊ ಟ್ರಾವೆಲರ್ ಥರದ ವ್ಯಾನನ್ನು ಕ್ಯಾಂಪರ್ (ಒಳಗೇ ವಾಸಿಸಬಹುದಾದ ಗಾಡಿ) ಮಾಡಿಸಿಕೊಂಡವರಿಗೆ ಎಂಜಿನ್ ಅಷ್ಟಾಗಿ ತಲೆನೋವು ಕೊಡುವುದಿಲ್ಲ. ಕೊಟ್ಟರೂ ಅದನ್ನು ಬಲ್ಲ ಮೆಕ್ಯಾನಿಕ್ ಹೆದ್ದಾರಿ ಬದಿಯಲ್ಲೇ ಸಿಗುತ್ತಾನೆ. ಸಿಗದವರು ವ್ಯಾನಿನ ಹಿಂಭಾಗದಲ್ಲಿ ಕಟ್ಟಿದ ಮನೆಯನ್ನು ಬಲ್ಲವರು. ಆಟೊ ಎಲೆಕ್ಟ್ರಿಷಿಯನ್‌ಗೆ ಇನ್ವರ್ಟರ್ ಗೊತ್ತಿಲ್ಲ, ಮನೆ ವೈರಿಂಗ್ ಮಾಡುವವರಿಗೆ 12 ವೋಲ್ಟ್ ಗೊತ್ತಿಲ್ಲ, ಪ್ಲಂಬರ್‌ಗೆ ಡಯಾಫ್ರಾಂ ಪಂಪು ಗೊತ್ತಿಲ್ಲ. ಹಾಗಾಗಿ ಫ್ರಿಜ್ ನಿಂತ ತಕ್ಷಣ ‘ಬ್ಯಾಟರಿ ಹೋಗಿದೆ ಸಾರ್’ ಎಂಬ ತೀರ್ಪು ಬರುತ್ತದೆ, ಇಪ್ಪತ್ತು ಮೂವತ್ತು ಸಾವಿರ ಕೈಬಿಡುತ್ತದೆ, ಹೊಸ ಬ್ಯಾಟರಿ ಬಂದ ಮೇಲೂ ಫ್ರಿಜ್ ನಿಲ್ಲುತ್ತದೆ. ಇಂಥ ದೋಷಗಳಲ್ಲಿ ಬಹುಪಾಲು ಇರುವುದು ಬ್ಯಾಟರಿಯಲ್ಲಲ್ಲ, ಬ್ಯಾಟರಿಗೂ ಉಪಕರಣಕ್ಕೂ ನಡುವಿನ ಜೋಡಣೆಗಳಲ್ಲಿ.

ಬೇಕಾದ ಸಾಮಾನು ಕಡಿಮೆ: ಒಂದು ಮಲ್ಟಿಮೀಟರ್, ಡಿಸಿ ಕರೆಂಟ್ ಅಳೆಯುವ ಕ್ಲ್ಯಾಂಪ್ ಮೀಟರ್ (ಅಗ್ಗದವು ಬಹಳಷ್ಟು ಎಸಿ ಮಾತ್ರ ಅಳೆಯುತ್ತವೆ, ನೋಡಿ ಕೊಳ್ಳಿ), ಎರಡು ತುದಿಗೂ ಕ್ರೊಕೊಡೈಲ್ ಕ್ಲಿಪ್ ಹಾಕಿದ ಏಳೆಂಟು ಮೀಟರ್ ವೈರು, ಸ್ಪೇರ್ ಫ್ಯೂಸುಗಳು.

ಬ್ಯಾಟರಿಯ ನಿಜಸ್ಥಿತಿ

ಚಾರ್ಜಿಂಗ್ ನಡೆಯುತ್ತಿರುವಾಗ ಅಥವಾ ಲೋಡ್ ಇರುವಾಗ ನೋಡಿದ ವೋಲ್ಟೇಜಿನಿಂದ ಬ್ಯಾಟರಿ ಎಷ್ಟು ತುಂಬಿದೆ ಎಂದು ಹೇಳಲಾಗದು. ಸೋಲಾರ್, ಚಾರ್ಜರ್, ಲೈಟು ಎಲ್ಲ ಬಿಡಿಸಿ ಕನಿಷ್ಠ 4 ಗಂಟೆ ಬಿಟ್ಟು ಅಳೆಯಿರಿ. ಲೆಡ್ ಆಸಿಡ್ ಬ್ಯಾಟರಿಯಾದರೆ 12.7 ವೋಲ್ಟ್ ಅಂದರೆ ತುಂಬಿದೆ, 12.2 ಅಂದರೆ ಅರ್ಧ, 11.8 ಅಂದರೆ ಖಾಲಿ. ಅರ್ಧಕ್ಕಿಂತ ಕೆಳಗೆ ಮತ್ತೆ ಮತ್ತೆ ಇಳಿಸಿದರೆ ಅದರ ಆಯುಷ್ಯ ಬೇಗ ಮುಗಿಯುತ್ತದೆ.

ಲಿಥಿಯಂ ಐರನ್ ಫಾಸ್ಫೇಟ್ ಬೇರೆಯೇ ಜಾತಿ. ಸುಮಾರು 13.3 ವೋಲ್ಟಿನಿಂದ 13.0 ವೋಲ್ಟಿಗೆ ಇಳಿಯುವಷ್ಟರಲ್ಲಿ ಅರ್ಧಕ್ಕೂ ಹೆಚ್ಚು ಖಾಲಿಯಾಗಿರುತ್ತದೆ. ಅಷ್ಟು ಸಣ್ಣ ವ್ಯತ್ಯಾಸ ನೋಡಿ ಶೇಕಡಾವಾರು ಹೇಳುವುದು ಊಹೆ ಅಷ್ಟೇ. ಇದಕ್ಕೆ ನೆಗೆಟಿವ್ ವೈರಿನಲ್ಲಿ ಕೂರಿಸುವ ಶಂಟ್ ಮಾನಿಟರ್ (ಹೋದ, ಬಂದ ಕರೆಂಟಿನ ಲೆಕ್ಕ ಇಡುವ ಸಾಧನ) ಬೇಕು. ಬ್ಯಾಟರಿಯ ನೆಗೆಟಿವ್ ಪೋಸ್ಟಿಗೆ ಶಂಟ್ ಬಿಟ್ಟು ಬೇರೇನನ್ನೂ ಜೋಡಿಸಬಾರದು. ಯಾರಾದರೂ ಯುಎಸ್‌ಬಿ ಸಾಕೆಟ್ಟಿನ ನೆಗೆಟಿವನ್ನು ನೇರ ಅಲ್ಲಿಗೇ ಸಿಕ್ಕಿಸಿದ್ದರೆ ಆ ಲೆಕ್ಕ ಮಾನಿಟರಿಗೆ ಸಿಗುವುದೇ ಇಲ್ಲ. ಲಿಥಿಯಂ ಬ್ಯಾಟರಿಯಲ್ಲಿ ವೋಲ್ಟೇಜ್ ಇದ್ದಕ್ಕಿದ್ದಂತೆ ಸೊನ್ನೆ ಅಥವಾ ನಾಲ್ಕೈದು ವೋಲ್ಟ್ ತೋರಿಸಿದರೆ ಸತ್ತಿದೆ ಎಂದುಕೊಳ್ಳಬೇಡಿ, ಒಳಗಿನ ಬಿಎಂಎಸ್ (ಬ್ಯಾಟರಿಯನ್ನು ಕಾಯುವ ಸರ್ಕ್ಯೂಟ್) ಬಾಗಿಲು ಹಾಕಿಕೊಂಡಿರುತ್ತದೆ. ಲೋಡ್ ಎಲ್ಲ ತೆಗೆದು ಲಿಥಿಯಂ ಚಾರ್ಜರ್ ಹಚ್ಚಿದರೆ ಸಾಮಾನ್ಯವಾಗಿ ಎದ್ದು ಕೂರುತ್ತದೆ. ಲಡಾಖ್ ಕಡೆ ಹೊರಟವರಿಗೆ ಒಂದು ಮಾತು: ಸೊನ್ನೆ ಡಿಗ್ರಿಗಿಂತ ಕೆಳಗೆ ಈ ಬ್ಯಾಟರಿಯನ್ನು ಚಾರ್ಜ್ ಮಾಡಬಾರದು. ಬಳಸಬಹುದು, ತುಂಬಿಸಬಾರದು.

ವೋಲ್ಟು ದಾರಿಯಲ್ಲಿ ಎಲ್ಲಿ ಸೋರುತ್ತಿದೆ?

ಮೊದಲು ಸ್ವಲ್ಪ ಲೆಕ್ಕ. 2.5 ಚದರ ಮಿ.ಮೀ. ತಾಮ್ರದ ವೈರಿನಲ್ಲಿ ಫ್ರಿಜ್ 6 ಮೀಟರ್ ದೂರ ಇದೆ ಎಂದಿಟ್ಟುಕೊಳ್ಳಿ. ಹೋಗಿ ಬರುವ ದಾರಿ 12 ಮೀಟರ್, ರೋಧ ಸುಮಾರು 0.084 ಓಮ್. 5 ಆಂಪಿಯರ್‌ನಲ್ಲಿ 0.42 ವೋಲ್ಟ್ ಅಲ್ಲೇ ಹೋಯಿತು. ಕಂಪ್ರೆಸರ್ ಶುರುವಾಗುವ ಕ್ಷಣ 10 ಆಂಪಿಯರ್ ಎಳೆದರೆ 0.84. ನಡುವೆ ಒಂದು ತುಕ್ಕು ಹಿಡಿದ ಜಾಯಿಂಟ್ ಇದ್ದು ಅದು ಇನ್ನೊಂದು 0.1 ಓಮ್ ಸೇರಿಸಿದರೆ ಮತ್ತೊಂದು ವೋಲ್ಟ್ ಮಾಯ. ಬ್ಯಾಟರಿಯಲ್ಲಿ 12.6 ಇದ್ದರೂ ಫ್ರಿಜ್‌ಗೆ ಕಾಣುವುದು 10.8. ಅದು ‘ಬ್ಯಾಟರಿ ಖಾಲಿ’ ಎಂದು ನಿಲ್ಲುತ್ತದೆ. ಫ್ರಿಜ್ ಸುಳ್ಳು ಹೇಳುತ್ತಿಲ್ಲ, ಅದಕ್ಕೆ ತಲುಪುತ್ತಿರುವುದೇ ಅಷ್ಟು.

ಹುಡುಕುವ ಕ್ರಮ ಹೀಗಿದೆ:

1. ಫ್ರಿಜ್ ಅನ್ನು ಅತಿ ತಣ್ಣನೆಯ ಮಟ್ಟಕ್ಕೆ ತಿರುಗಿಸಿ, ಕಂಪ್ರೆಸರ್ ಓಡುತ್ತಿರಲಿ. ಕರೆಂಟ್ ಹರಿಯದಿದ್ದರೆ ಕೆಟ್ಟ ಜಾಯಿಂಟೂ ಒಳ್ಳೆಯದರಂತೆಯೇ ಕಾಣುತ್ತದೆ. ಇಡೀ ಪರೀಕ್ಷೆಯಲ್ಲಿ ತಪ್ಪುವುದು ಇಲ್ಲೇ.

2. ಬ್ಯಾಟರಿ ಪೋಸ್ಟಿನಲ್ಲಿ ಅಳೆಯಿರಿ, ಬಳಿಕ ಫ್ರಿಜ್‌ನ ಪ್ಲಗ್ಗಿನಲ್ಲಿ. ವ್ಯತ್ಯಾಸ 0.36 ವೋಲ್ಟ್ (ಶೇ 3) ಒಳಗಿದ್ದರೆ ವೈರಿಂಗ್ ಸರಿ ಇದೆ, ದೋಷ ಬೇರೆಡೆ.

3. ಹೆಚ್ಚಿದ್ದರೆ ಉದ್ದದ ವೈರಿನ ಸಹಾಯದಿಂದ ಮೀಟರಿನ ಒಂದು ಕಡ್ಡಿ ಬ್ಯಾಟರಿಯ ಪಾಸಿಟಿವ್ ಪೋಸ್ಟಿಗೆ, ಇನ್ನೊಂದು ಫ್ರಿಜ್‌ನ ಪಾಸಿಟಿವ್ ವೈರಿಗೆ ಹಿಡಿಯಿರಿ. ಬಂದ ಅಂಕಿಯೇ ಪಾಸಿಟಿವ್ ದಾರಿಯ ನಷ್ಟ. ನೆಗೆಟಿವ್‌ಗೂ ಹಾಗೇ ಮಾಡಿ.

4. ನಷ್ಟ ಹೆಚ್ಚಿರುವ ದಾರಿಯಲ್ಲಿ ಒಂದೊಂದೇ ಜೋಡಣೆಯ ಎರಡು ಬದಿಗೆ ಕಡ್ಡಿ ಹಿಡಿಯುತ್ತ ಬನ್ನಿ: ಫ್ಯೂಸ್ ಹೋಲ್ಡರ್, ಸ್ವಿಚ್, ಬಸ್‌ಬಾರ್ (ಹಲವು ವೈರು ಸೇರುವ ಲೋಹದ ಪಟ್ಟಿ), ಲಗ್ (ವೈರಿನ ತುದಿಗೆ ಕೂರಿಸುವ ಲೋಹದ ಕೊಂಡಿ). ಒಂದೇ ಜಾಗದಲ್ಲಿ 0.1 ವೋಲ್ಟಿಗಿಂತ ಹೆಚ್ಚು ಬಂದರೆ ಅಲ್ಲಿಗೆ ನಿಲ್ಲಿ.

ಹೆಚ್ಚಾಗಿ ಸಿಕ್ಕಿಬೀಳುವುದು ಮೂರು ಜಾಗ. ಮೊದಲನೆಯದು ಅಗ್ಗದ ಬ್ಲೇಡ್ ಫ್ಯೂಸ್ ಹೋಲ್ಡರ್, ಪ್ಲಾಸ್ಟಿಕ್ ಕಂದಿರುತ್ತದೆ. ಎರಡನೆಯದು ವ್ಯಾನಿನ ಲೋಹದ ಬಾಡಿಗೆ ಜೋಡಿಸಿದ ಅರ್ಥಿಂಗ್. ಪೇಂಟ್ ಕೆರೆಯದೆ ಸ್ಕ್ರೂ ಬಿಗಿದಿರುತ್ತಾರೆ, ಕರಾವಳಿಯಲ್ಲಿ ತುಕ್ಕು ಹಿಡಿಯಲು ಎರಡು ಮಳೆಗಾಲ ಕಳೆದರೆ ಸಾಕು. ಲೋಹ ಹೊಳೆಯುವಂತೆ ಉಜ್ಜಿ, ಹಲ್ಲಿನ ವಾಷರ್ ಹಾಕಿ ಬಿಗಿದು, ಬಿಗಿದ ಮೇಲೆ ಪೆಟ್ರೋಲಿಯಂ ಜೆಲ್ಲಿ ಸವರಿ. ಸಾಧ್ಯವಿದ್ದರೆ ಬಾಡಿಯನ್ನು ನಂಬದೆ ಪ್ರತ್ಯೇಕ ನೆಗೆಟಿವ್ ವೈರನ್ನೇ ಎಳೆಸಿ. ಮೂರನೆಯದು ನೋಡಲು ಅಚ್ಚುಕಟ್ಟಾಗಿರುವ ತಪ್ಪು: ಲಗ್‌ಗೂ ಬ್ಯಾಟರಿ ಟರ್ಮಿನಲ್‌ಗೂ ನಡುವೆ ಸ್ಟೀಲ್ ವಾಷರ್. ತಾಮ್ರದ ಲಗ್ ಟರ್ಮಿನಲ್‌ಗೆ ನೇರ ತಾಗಬೇಕು. ವಾಷರ್, ಸ್ಪ್ರಿಂಗ್ ವಾಷರ್ ಎಲ್ಲ ಲಗ್ಗಿನ ಮೇಲೆ, ನಟ್ಟಿನ ಕೆಳಗೆ.

ವೈರಿಂಗ್ ಸರಿಯಿದ್ದೂ ಫ್ರಿಜ್ ನಿಲ್ಲುತ್ತಿದ್ದರೆ ಕಂಪ್ರೆಸರ್ ಪಕ್ಕದ ಕಂಟ್ರೋಲರ್ ನೋಡಿ. ಡ್ಯಾನ್‌ಫಾಸ್, ಸೆಕಾಪ್ ಮಾದರಿಯ ಕಂಪ್ರೆಸರ್‌ಗಳಲ್ಲಿ ಎಲ್‌ಇಡಿ ಜೋಡಿಸಿದ್ದರೆ ಅದು 4 ಸೆಕೆಂಡಿಗೊಮ್ಮೆ ದೋಷಕ್ಕೆ ತಕ್ಕಷ್ಟು ಸಲ ಮಿಟುಕುತ್ತದೆ. ಒಂದು ಮಿಟುಕಿಗೆ ಕಡಿಮೆ ವೋಲ್ಟೇಜ್, ಎರಡಕ್ಕೆ ಫ್ಯಾನ್, ಮೂರಕ್ಕೆ ಮೋಟಾರ್ ಶುರುವಾಗುತ್ತಿಲ್ಲ, ನಾಲ್ಕಕ್ಕೆ ವೇಗ ಬರುತ್ತಿಲ್ಲ, ಐದಕ್ಕೆ ಕಂಟ್ರೋಲರ್ ಕಾದಿದೆ. ಐದು ಮಿಟುಕಿದರೆ ಹಿಂಬದಿಯ ಗಾಳಿಕಿಂಡಿಗೆ ಯಾರೋ ಬಟ್ಟೆಚೀಲ ಒತ್ತಿಟ್ಟಿರುವ ಸಾಧ್ಯತೆಯೇ ಹೆಚ್ಚು.

ಇನ್ವರ್ಟರ್ ವಿಷಯದಲ್ಲಿ ಇದೇ ಕಥೆ ಹತ್ತುಪಟ್ಟು ದೊಡ್ಡದು. 1000 ವಾಟ್ ಎಳೆದರೆ 12 ವೋಲ್ಟಿನ ಕಡೆಯಿಂದ ಸುಮಾರು 90 ಆಂಪಿಯರ್ ಹರಿಯುತ್ತದೆ. ಒಂದೂವರೆ ಮೀಟರಿನೊಳಗಿದ್ದರೂ 35 ಚದರ ಮಿ.ಮೀ. ಕೇಬಲ್, ಹೈಡ್ರಾಲಿಕ್ ಕ್ರಿಂಪ್ (ಯಂತ್ರದಿಂದ ಒತ್ತಿ ಕೂರಿಸಿದ ಲಗ್), ಬ್ಯಾಟರಿಯ ಪಾಸಿಟಿವ್ ಪೋಸ್ಟಿನ ಪಕ್ಕದಲ್ಲೇ 125 ಆಂಪಿಯರ್ ಫ್ಯೂಸ್ ಬೇಕು. ಸುತ್ತಿಗೆಯಲ್ಲಿ ಬಡಿದು ಕೂರಿಸಿದ ಲಗ್ ಬಿಸಿಯಾಗುತ್ತದೆ. ಐದು ನಿಮಿಷ ಲೋಡ್ ಕೊಟ್ಟು ಇನ್‌ಫ್ರಾರೆಡ್ ಥರ್ಮಾಮೀಟರ್ ಹಿಡಿಯಿರಿ. ಒಂದು ಲಗ್ ಮಾತ್ರ ಉಳಿದವಕ್ಕಿಂತ ಬಿಸಿ ಇದ್ದರೆ ಅದನ್ನು ಕತ್ತರಿಸಿ ಹೊಸದು ಹಾಕಿಸಿ. ಫ್ಯೂಸ್ ಪದೇ ಪದೇ ಹೋಗುತ್ತದೆ ಎಂದು ದೊಡ್ಡದು ಹಾಕುವವರಿದ್ದಾರೆ. ಫ್ಯೂಸ್ ಇರುವುದು ವೈರನ್ನು ಉಳಿಸಲು. 2.5 ಚದರ ಮಿ.ಮೀ. ವೈರಿಗೆ 40 ಆಂಪಿಯರ್ ಫ್ಯೂಸ್ ಹಾಕಿದರೆ ಮುಂದೆ ಫ್ಯೂಸಿನ ಕೆಲಸವನ್ನು ವೈರೇ ಮಾಡಬೇಕಾಗುತ್ತದೆ, ಪ್ಲೈವುಡ್ಡಿನ ಹಿಂದೆ.

ಓಡಿಸಿದರೂ ಚಾರ್ಜ್ ಆಗುತ್ತಿಲ್ಲ

ಎಂಜಿನ್ ಚಾಲೂ ಮಾಡಿ ಎಂಜಿನ್ ಬ್ಯಾಟರಿಯಲ್ಲಿ ಅಳೆಯಿರಿ: 13.8ರಿಂದ 14.4 ಬರಬೇಕು. ಬಳಿಕ ಡಿಸಿ-ಡಿಸಿ ಚಾರ್ಜರಿನ (ಎಂಜಿನ್ ಕಡೆಯಿಂದ ಹಿಂಭಾಗದ ಬ್ಯಾಟರಿ ತುಂಬಿಸುವ ಪೆಟ್ಟಿಗೆ) ಇನ್‌ಪುಟ್‌ನಲ್ಲಿ. ಮುಂದೆ 14 ಇದ್ದು ಇಲ್ಲಿ 12.5 ಇದ್ದರೆ ಬಾನೆಟ್ಟಿನ ಕೆಳಗಿನ ಫ್ಯೂಸ್ ಅಥವಾ ಕೇಬಲ್. ಇನ್‌ಪುಟ್ ಸರಿಯಿದ್ದೂ ಔಟ್‌ಪುಟ್ ಇಲ್ಲದಿದ್ದರೆ ಇಗ್ನಿಷನ್ ಸಿಗ್ನಲ್ ವೈರು ಕಳಚಿರಬಹುದು. ಕೆಲವು ಬಿಎಸ್6 ವಾಹನಗಳಲ್ಲಿ ಸ್ಮಾರ್ಟ್ ಆಲ್ಟರ್ನೇಟರ್ (ವೋಲ್ಟೇಜ್ ತಾನೇ ಏರಿಳಿಸುವ ಡೈನಮೋ) ಇರುತ್ತದೆ. ಇಂಧನ ಉಳಿಸಲು ಅದು ಓಟದಲ್ಲೇ ವೋಲ್ಟೇಜ್ ಇಳಿಸುತ್ತದೆ, ಆಗ ಎರಡು ಬ್ಯಾಟರಿಗಳನ್ನು ಜೋಡಿಸುವ ಹಳೇ ಶೈಲಿಯ ರಿಲೇ ಕಳಚಿಕೊಳ್ಳುತ್ತದೆ. ರಿಲೇ ಕೆಟ್ಟುಹೋದದ್ದಲ್ಲ, ಅಂಥ ಗಾಡಿಗೆ ರಿಲೇ ಸಲ್ಲದು, ಅಷ್ಟೇ. ಲಿಥಿಯಂ ಬ್ಯಾಟರಿಯನ್ನು ಬರೀ ರಿಲೇ ಮೂಲಕ ಡೈನಮೋಗೆ ಕಟ್ಟಿದರೆ ಇನ್ನೊಂದು ಅಪಾಯ ಇದೆ. ಐಡ್ಲಿಂಗಿನಲ್ಲಿ, ಡೈನಮೋ ತಣಿಸುವ ಫ್ಯಾನ್ ನಿಧಾನವಾಗಿ ತಿರುಗುವಾಗಲೇ ಬ್ಯಾಟರಿ ಪೂರ್ತಿ ಕರೆಂಟ್ ಎಳೆದು ಡೈನಮೋ ಸುಡುತ್ತದೆ.

ಸೋಲಾರಿನಲ್ಲಿ ನೆನಪಿಡಬೇಕಾದ್ದು ಒಂದೇ ಕ್ರಮ: ಕಂಟ್ರೋಲರಿಗೆ ಮೊದಲು ಬ್ಯಾಟರಿ, ಆಮೇಲೆ ಪ್ಯಾನೆಲ್. ಬಿಚ್ಚುವಾಗ ತದ್ವಿರುದ್ಧ.

ಹೋಂಸ್ಟೇಯ ಪ್ಲಗ್ಗು

ಚಿಕ್ಕಮಗಳೂರು, ಕೊಡಗಿನ ಹೋಂಸ್ಟೇಗಳಲ್ಲಿ ಹೊರಗಿನ ಕರೆಂಟ್ ತೆಗೆದುಕೊಳ್ಳುವ ಮುನ್ನ ಸಾಕೆಟ್ ಟೆಸ್ಟರ್ ಸಿಕ್ಕಿಸಿ ನೋಡಿ. ಅರ್ಥ್ ಇಲ್ಲದ ಸಾಕೆಟ್ ಆದರೆ ವ್ಯಾನಿನ ಲೋಹದ ಬಾಡಿಯೇ ಶಾಕ್ ಹೊಡೆಯಬಹುದು, ಹಾಗಿದ್ದಲ್ಲಿ ಜೋಡಿಸಬೇಡಿ. ವ್ಯಾನಿನೊಳಗೆ 30 ಮಿಲಿಆಂಪಿಯರ್ ಆರ್‌ಸಿಸಿಬಿ (ಕರೆಂಟ್ ಸೋರಿದರೆ ತಾನೇ ಬಂದ್ ಮಾಡುವ ಸ್ವಿಚ್) ಇರಲೇಬೇಕು, ತಿಂಗಳಿಗೊಮ್ಮೆ ಅದರ ಟೆಸ್ಟ್ ಗುಂಡಿ ಒತ್ತಿ. ಸಂಜೆ ಹೊತ್ತು ವೋಲ್ಟೇಜ್ 180ಕ್ಕೆ ಇಳಿದರೆ ಏರ್ ಕಂಡಿಷನರ್ ಓಡಿಸದೆ ಬ್ಯಾಟರಿ ಚಾರ್ಜರ್ ಮಾತ್ರ ಇಟ್ಟುಕೊಳ್ಳಿ. ಎಕ್ಸ್‌ಟೆನ್ಷನ್ ಕೇಬಲನ್ನು ರೀಲಿನಿಂದ ಪೂರ್ತಿ ಬಿಚ್ಚಿ ಹಾಸಿ, ಸುತ್ತಿಟ್ಟರೆ ಒಳಗೇ ಕಾದು ಕರಗುತ್ತದೆ.

ನೀರಿನ ಪಂಪು

ನಲ್ಲಿ ಮುಚ್ಚಿದ್ದರೂ ರಾತ್ರಿ ನಡುನಡುವೆ ಪಂಪು ಒಂದೆರಡು ಸೆಕೆಂಡ್ ಗುರ್ ಎಂದರೆ ಒತ್ತಡ ಎಲ್ಲೋ ಇಳಿಯುತ್ತಿದೆ. ಎಲ್ಲ ಜಾಯಿಂಟುಗಳ ಕೆಳಗೆ ಟಿಶ್ಯೂ ಪೇಪರ್ ಇಟ್ಟು ಬೆಳಿಗ್ಗೆ ನೋಡಿ. ಒದ್ದೆಯಾದ ಕಾಗದದ ಮೇಲಿನ ಜಾಯಿಂಟೇ ಸೋರುವುದು. ಎಲ್ಲವೂ ಒಣಗಿದ್ದರೆ ನೀರು ಪಂಪಿನ ಒಳಗಿನ ವಾಲ್ವ್ ಮೂಲಕ ಹಿಂದಕ್ಕೆ ಟ್ಯಾಂಕಿಗೇ ಇಳಿಯುತ್ತಿದೆ. ತಲೆ ಬಿಚ್ಚಿ ವಾಲ್ವ್ ಮೇಲಿನ ಮರಳುಕಣ ತೆಗೆದರೆ ಹಲವು ಸಲ ಅಷ್ಟೇ ಸಾಕು.

ಪಂಪು ಓಡುತ್ತದೆ, ನೀರು ಬರುವುದಿಲ್ಲ ಅಂದರೆ ಟ್ಯಾಂಕ್ ಕಡೆಯ ಪೈಪು ಗಾಳಿ ಎಳೆಯುತ್ತಿದೆ. ಸ್ಟ್ರೇನರಿನ (ಪಂಪಿಗೆ ಮೊದಲು ನೀರು ಸೋಸುವ ಭಾಗ) ಪಾರದರ್ಶಕ ಬಟ್ಟಲಿನ ಓ-ರಿಂಗ್ ಮೊದಲ ಶಂಕಿತ, ಅದರ ಜಾಲರಿ ಎರಡನೆಯದು. ಪಂಪು ಓಡುವುದೇ ಇಲ್ಲ, ಆದರೆ ಅದರ ವೈರಿನಲ್ಲಿ 12 ವೋಲ್ಟ್ ಇದೆ ಅಂದರೆ ಪ್ರೆಷರ್ ಸ್ವಿಚ್ಚಿನ ಎರಡು ವೈರುಗಳನ್ನು ಒಂದು ಕ್ಷಣ ಸೇರಿಸಿ ನೋಡಿ. ಓಡಿದರೆ ಸ್ವಿಚ್ ಮಾತ್ರ ಬದಲಿಸಿ. ಈ ಪರೀಕ್ಷೆ ಮಾಡುವಾಗ ನಲ್ಲಿ ತೆರೆದಿರಲಿ.

ಟ್ಯಾಂಕಿನಲ್ಲಿ ವಾಸನೆ ಬಂದರೆ 100 ಲೀಟರ್ ನೀರಿಗೆ ಶೇ 5ರ ಸೋಡಿಯಂ ಹೈಪೊಕ್ಲೋರೈಟ್ 100 ಮಿ.ಲೀ., ಸುಗಂಧವಿಲ್ಲದ್ದು. ಎಲ್ಲ ನಲ್ಲಿಗಳಲ್ಲೂ ಕ್ಲೋರಿನ್ ವಾಸನೆ ಬರುವತನಕ ಹರಿಸಿ, 4 ಗಂಟೆ ಬಿಟ್ಟು, ಎರಡು ಸಲ ತುಂಬಿಸಿ ಖಾಲಿ ಮಾಡಿ. ಬೋರ್‌ವೆಲ್ ನೀರಿನ ಬಿಳಿ ಕಲೆಗೆ ವಿನೆಗರ್ ಹಾಕುವುದಾದರೆ ಬೇರೆ ದಿನ ಹಾಕಿ. ಎರಡೂ ಸೇರಿದರೆ ವಿಷಾನಿಲ.

ಜೂನ್‌ಗೆ ಮೊದಲು ಟಾಪು

ತೊಟ್ಟಿಕ್ಕುವ ಜಾಗವೇ ನೀರು ಒಳಬಂದ ಜಾಗ ಅಲ್ಲ. ಛಾವಣಿಯ ಪಟ್ಟಿಗಳ ಗುಂಟ ಅದು ಮೀಟರುಗಟ್ಟಲೆ ಓಡಿ ಎಲ್ಲೋ ಇಳಿಯುತ್ತದೆ. ಇಬ್ಬರು ಸೇರಿ ಪರೀಕ್ಷಿಸಿ: ಒಬ್ಬರು ಒಳಗೆ ಟಾರ್ಚ್ ಹಿಡಿದು, ಒಬ್ಬರು ಹೊರಗೆ ಪೈಪು ಹಿಡಿದು. ಕೆಳಗಿನ ಕಿಟಕಿಯಿಂದ ಶುರುಮಾಡಿ ಮೇಲಕ್ಕೆ, ಒಂದೊಂದು ಜಾಗಕ್ಕೆ ಐದು ನಿಮಿಷ. ಮೇಲಿಂದ ಶುರುಮಾಡಿದರೆ ಎಲ್ಲ ಕಡೆ ಒಮ್ಮೆಗೇ ನೆನೆದು ಏನೂ ತಿಳಿಯುವುದಿಲ್ಲ. ಬೆಳಗಿನ ಹೊತ್ತು ಎಲ್ಲ ಲೋಹದ ಮೇಲೂ ಹನಿ ಕಟ್ಟಿದ್ದರೆ ಅದು ಉಸಿರಿನ ತೇವ, ಸೋರಿಕೆಯಲ್ಲ. ಒಂದು ಕಿಟಕಿ ಬೆರಳಗಲ ತೆರೆದು ಮಲಗಿ.

ಪ್ಲೈವುಡ್ಡಿಗೆ ತೇವಮಾಪಕ ಚುಚ್ಚಿದಾಗ ಶೇ 15ರ ಒಳಗಿದ್ದರೆ ಚಿಂತೆಯಿಲ್ಲ. 20 ದಾಟಿದರೆ ಎಲ್ಲೋ ನೀರು ಬರುತ್ತಿದೆ. 30 ದಾಟಿದರೆ ಮರ ಕೊಳೆಯಲು ತೊಡಗಿರುತ್ತದೆ, ಬಿಚ್ಚಿ ನೋಡದೆ ಬೇರೆ ದಾರಿಯಿಲ್ಲ.

ವೆಂಟ್, ಸೋಲಾರ್ ಬ್ರಾಕೆಟ್, ಕೇಬಲ್ ಇಳಿಯುವ ಜಾಗ ಎಲ್ಲೂ ಬಾತ್‌ರೂಮ್ ಸಿಲಿಕಾನ್ ಬಳಿಯಬೇಡಿ. ಅದು ಎದ್ದ ಮೇಲೆ ಆ ಜಾಗಕ್ಕೆ ಮುಂದೆ ಯಾವುದೂ ಸರಿಯಾಗಿ ಅಂಟುವುದಿಲ್ಲ, ಪೇಂಟ್ ಕೂಡ. ಹಳೆಯದನ್ನು ಪ್ಲಾಸ್ಟಿಕ್ ಪಟ್ಟಿಯಿಂದ ಕೆರೆದು, ಐಸೊಪ್ರೊಪೈಲ್ ಆಲ್ಕೊಹಾಲಿನಿಂದ ಒರೆಸಿ, ಫ್ಲ್ಯಾಂಜಿನ (ಚಾಚಿದ ಅಂಚು) ಕೆಳಗೆ ಬ್ಯುಟೈಲ್ ಟೇಪ್ (ಅಂಟು ರಬ್ಬರ್ ಪಟ್ಟಿ) ಇಟ್ಟು ಸ್ಕ್ರೂ ಬಿಗಿಯಿರಿ. ಅಂಚಿಗೆ ಸಿಕಾಫ್ಲೆಕ್ಸ್ 221 ಥರದ ಪಾಲಿಯುರಿಥೇನ್ ಸೀಲಂಟ್ ಹಾಕಿ. ಅದು ದಿನಕ್ಕೆ ಸುಮಾರು 3 ಮಿ.ಮೀ. ಆಳ ಗಟ್ಟಿಯಾಗುತ್ತದೆ, ಹಾಗಾಗಿ ಹೊರಡುವ ಹಿಂದಿನ ರಾತ್ರಿ ಮಾಡುವ ಕೆಲಸ ಇದಲ್ಲ.

ಗ್ಯಾಸು, ನಿಲುಗಡೆ

ಎಲ್‌ಪಿಜಿ ಗಾಳಿಗಿಂತ ಭಾರ. ಸಿಲಿಂಡರ್ ಇಡುವ ಪೆಟ್ಟಿಗೆಯ ತಳದಲ್ಲಿ ಹೊರಕ್ಕೆ ತೆರೆದ ರಂಧ್ರ ಇರಬೇಕು, ಡಿಟೆಕ್ಟರ್ ನೆಲಕ್ಕೆ ಹತ್ತಿರ ಇರಬೇಕು. ಕಿತ್ತಳೆ ಬಣ್ಣದ ಸುರಕ್ಷಾ ಪೈಪಿನ ಮೇಲಿನ ದಿನಾಂಕ ನೋಡಿ, ಐದು ವರ್ಷ ಆಗಿದ್ದರೆ ಬದಲಿಸಿ. ಕೆಟ್ಟ ರಸ್ತೆಯಲ್ಲಿ ಹೋಗಿಬಂದ ಮೇಲೆ ಪ್ರತಿ ಜಾಯಿಂಟಿಗೂ ಸೋಪುನೊರೆ. ಓಡಿಸುವಾಗ ರೆಗ್ಯುಲೇಟರ್ ಬಂದ್.

ಎರಡು ಮೂರು ತಿಂಗಳು ನಿಲ್ಲಿಸುವುದಾದರೆ ಲಿಥಿಯಂ ಬ್ಯಾಟರಿಯನ್ನು ಶೇ 50–60ರಲ್ಲಿ ಬಿಟ್ಟು ಮೇನ್ ಸ್ವಿಚ್ ತೆಗೆಯಿರಿ. ಲೆಡ್ ಆಸಿಡ್ ಆದರೆ ಪೂರ್ತಿ ತುಂಬಿಸಿ, ತಿಂಗಳಿಗೊಮ್ಮೆ ಮತ್ತೆ ತುಂಬಿಸಿ. ಟ್ಯಾಂಕ್ ಖಾಲಿ, ನಲ್ಲಿಗಳು ತೆರೆದು, ಫ್ರಿಜ್ ಬಾಗಿಲು ಸಂದು ಬಿಟ್ಟು. ಇಂಥ ಗಾಡಿಗಳಲ್ಲಿ ಟೈರು ಸವೆಯುವ ಮೊದಲೇ ಹಳತಾಗುತ್ತದೆ. ಪಕ್ಕದಲ್ಲಿ ಅಚ್ಚಾದ ನಾಲ್ಕು ಅಂಕಿಗಳಲ್ಲಿ ಮೊದಲೆರಡು ವಾರ, ಕೊನೆಯೆರಡು ವರ್ಷ: 2319 ಎಂದಿದ್ದರೆ 2019ರ 23ನೇ ವಾರದ್ದು. ಟೈರಿನ ಗೆರೆಗಳು ಎಷ್ಟೇ ಆಳವಿದ್ದರೂ ಪಕ್ಕೆಯಲ್ಲಿ ಬಿರುಕು ಕಂಡರೆ ಬದಲಿಸಿ. ಗಾಳಿ ತುಂಬಿಸುವ ಮುನ್ನ ನೀರು, ಗ್ಯಾಸ್, ಸಾಮಾನು, ಜನ ಎಲ್ಲ ಸೇರಿಸಿ ವೇ ಬ್ರಿಡ್ಜ್ ಮೇಲೆ ಮುಂದಿನ ಗಾಲಿಗಳನ್ನೂ ಹಿಂದಿನವನ್ನೂ ಬೇರೆ ಬೇರೆ ತೂಗಿಸಿ, ಆರ್‌ಸಿಯಲ್ಲಿರುವ ಮಿತಿಯ ಜತೆ ಹೋಲಿಸಿ ನೋಡಿ.