ಮಲಗಿ ಎದ್ದರೂ ಹೋಗದ ಸುಸ್ತು

ಸಂತೇಪೇಟೆಯ ದಿನಸಿ ಅಂಗಡಿಯವರೊಬ್ಬರು ಪ್ರತಿ ತಿಂಗಳೂ ಬಿಲ್ಲುಗಳನ್ನು ರೆಕ್ಸಿನ್ ಚೀಲದಲ್ಲಿ ತುಂಬಿಕೊಂಡು ನಮ್ಮ ಆಫೀಸಿಗೆ ಬರುತ್ತಾರೆ. ವಯಸ್ಸಾದವರು. ಅವತ್ತು 19ನೇ ತಾರೀಕು, ಮರುದಿನ ಜಿಎಸ್‌ಟಿ 3ಬಿಗೆ, ಅಂದರೆ ತಿಂಗಳ ತೆರಿಗೆ ಲೆಕ್ಕ ಸಲ್ಲಿಸೋದಕ್ಕೆ, ಕೊನೇ ದಿನ. "ಇಷ್ಟು ಲೇಟಾಗಿ ತಂದ್ರೆ ನಾನೇನ್ ಮಾಡ್ಲಿ?" ಅಂತ ರೇಗಿಬಿಟ್ಟೆ. ಅವರು ಕೋಪ ಮಾಡಿಕೊಳ್ಳಲಿಲ್ಲ. ನನ್ನ ಮುಖ ನೋಡಿ, "ಯಾಕವ್ವ, ಹುಷಾರಿಲ್ವಾ?" ಅಂದರು.

ನಾನು ಮೈಸೂರಿನ ಒಂದು ಆಡಿಟರ್ ಆಫೀಸಿನಲ್ಲಿ 11 ವರ್ಷದಿಂದ ಲೆಕ್ಕಪತ್ರ ನೋಡಿಕೊಳ್ಳುತ್ತಿದ್ದೇನೆ. 11ಕ್ಕೆ ಮಾರಾಟದ ವಿವರ ಕೊಡುವ ಜಿಎಸ್‌ಟಿಆರ್-1, 20ಕ್ಕೆ 3ಬಿ, ಸೆಪ್ಟೆಂಬರ್ ಬಂದರೆ ಟ್ಯಾಕ್ಸ್ ಆಡಿಟ್. ಮೊದಲೆಲ್ಲ 20 ದಾಟಿದ ಮೇಲೆ ಒಂದು ಭಾನುವಾರ ಚೆನ್ನಾಗಿ ಮಲಗಿದರೆ ಸರಿಹೋಗುತ್ತಿತ್ತು. ಆ ವರ್ಷ ಮಾತ್ರ ಸುಸ್ತು ಹೋಗಲಿಲ್ಲ. ಭಾನುವಾರ ಸಂಜೆಯಾದರೆ ಹೊಟ್ಟೆಯಲ್ಲಿ ಸಂಕಟ. ಫೋನ್ ಬಂದರೆ ಎದೆ ಢವಢವ. ಒಂದೇ ಖರೀದಿ ಬಿಲ್ಲನ್ನು ಎರಡು ಸಲ ಟ್ಯಾಲಿಗೆ (ಲೆಕ್ಕದ ಸಾಫ್ಟ್‌ವೇರ್) ಹಾಕಿದ್ದೆ. ಎರಡು ತಿಂಗಳು ಕಣ್ಣಿಗೇ ಬಿದ್ದಿರಲಿಲ್ಲ.

ಡಾಕ್ಟರ ಹತ್ತಿರ ಹೋದೆ. ಥೈರಾಯ್ಡ್, ಸಕ್ಕರೆ, ರಕ್ತಹೀನತೆ ಇದ್ದರೂ ಹೀಗೇ ಸುಸ್ತಾಗುತ್ತದೆ, ಮೊದಲು ಅದನ್ನು ನೋಡಿಬಿಡೋಣ ಅಂದರು. ಎಲ್ಲ ಸರಿಯಿತ್ತು. ಆಗ ಬರ್ನ್‌ಔಟ್ ವಿಷಯ ತೆಗೆದರು. ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಇದನ್ನು ಕಾಯಿಲೆ ಅನ್ನಲಿಲ್ಲ, ಕೆಲಸದ ಒತ್ತಡದಿಂದ ಬರುವ ಸ್ಥಿತಿ ಅಂದಿತು. ಗುರುತು ಮೂರು: ಶಕ್ತಿ ಬತ್ತಿಹೋಗುವುದು, ಕೆಲಸದ ಬಗ್ಗೆ ತಾತ್ಸಾರ, ನನ್ನ ಕೈಲಾಗುತ್ತಿಲ್ಲ ಅನ್ನಿಸುವುದು. ನನಗೆ ಭಯವಾದದ್ದು ಎರಡನೆಯದಕ್ಕೆ. ಸುಸ್ತು ಯಾರಿಗೂ ಆಗುತ್ತೆ. ಆದರೆ ಇಷ್ಟು ವರ್ಷ ಪ್ರೀತಿಯಿಂದ ಮಾತಾಡಿಸಿದ ಜನರನ್ನು ಕಂಡರೆ ನನಗೆ ಉರಿಯತೊಡಗಿತ್ತು.

ಎರಡು ವಾರ ಲೆಕ್ಕ ಬರೆದೆ. ಹಾಲಿನ ಪುಸ್ತಕದ ಹಿಂದಿನ ಹಾಳೆಗಳಲ್ಲಿ, ಆಫೀಸಿಗೆ ಹೋದ ಹೊತ್ತು, ಬಂದ ಹೊತ್ತು, ಊಟವಾದ ಮೇಲೆ ಲ್ಯಾಪ್‌ಟಾಪ್ ತೆಗೆದದ್ದು, ವಾಟ್ಸಾಪ್‌ನಲ್ಲಿ ಉತ್ತರ ಕೊಟ್ಟದ್ದು ಕೂಡ. ವಾರಕ್ಕೆ 50 ಗಂಟೆ ಇರಬಹುದು ಅಂದುಕೊಂಡಿದ್ದೆ. 67 ಬಂತು. ವಾರಕ್ಕೆ 55 ಗಂಟೆ ಅಥವಾ ಅದಕ್ಕಿಂತ ಜಾಸ್ತಿ ದುಡಿಯುವವರಿಗೆ, 35ರಿಂದ 40 ಗಂಟೆ ದುಡಿಯುವವರಿಗಿಂತ ಪಾರ್ಶ್ವವಾಯುವಿನ ಅಪಾಯ ಶೇ. 35ರಷ್ಟು ಹೆಚ್ಚು ಅಂತ 2021ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯೇ ಹೇಳಿತ್ತು. ಓದಿ ಆ ರಾತ್ರಿ ನಿದ್ದೆ ಬರಲಿಲ್ಲ.

ಪುಸ್ತಕವನ್ನೇ ಆಡಿಟರ್ ಸರ್ ಮುಂದಿಟ್ಟೆ. ಹಿಂದೆ ಬಾಯಲ್ಲಿ ಹೇಳಿದಾಗಲೆಲ್ಲ "ಎಲ್ಲರಿಗೂ ಅಷ್ಟೇ ಕಣಮ್ಮ" ಅನ್ನುತ್ತಿದ್ದವರು, ಈ ಸಲ ಹಾಳೆ ತಿರುವಿ ನೋಡಿದರು. 14 ಫೈಲು ಬೇರೆಯವರಿಗೆ ಹೋದವು. ಬಿಲ್ಲು 5ನೇ ತಾರೀಕಿನೊಳಗೆ ಬರಬೇಕು ಅಂತಾಯಿತು. ಚೀಲದ ಯಜಮಾನರು ಈಗ 4ಕ್ಕೇ ತರುತ್ತಾರೆ. ರಾತ್ರಿ 8ರ ಮೇಲೆ ಫೋನು ದೇವರ ಮನೆ ಪಕ್ಕದ ಗೂಡಿನಲ್ಲಿರುತ್ತದೆ.

ನಾಲ್ಕು ದಿನ ರಜ ಹಾಕು, ಸರಿಹೋಗ್ತೀಯ ಅಂತ ಎಲ್ಲರೂ ಹೇಳಿದ್ದರು. ಮದ್ದೂರಿನ ಹತ್ತಿರ ತವರಿಗೆ ಹೋಗಿಯೂ ಇದ್ದೆ. ವಾಪಸ್ ಬಂದ ಎರಡನೇ ದಿನ ಮತ್ತದೇ ಸಂಕಟ. ಫೈಲು ಅಷ್ಟೇ ಇದ್ದರೆ ರಜ ಏನು ಮಾಡೀತು, ಅಲ್ವಾ? ಮನಸ್ಸು ತೀರಾ ಕುಗ್ಗಿದರೆ ಮಾತ್ರ ಕಾಯಬೇಡಿ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ ಇದೆ, 14416. ಹಗಲು ರಾತ್ರಿ ಕನ್ನಡದಲ್ಲೇ ಮಾತಾಡುತ್ತಾರೆ, ದುಡ್ಡಿಲ್ಲ.

ಹೋದ ಸೆಪ್ಟೆಂಬರಿನಲ್ಲಿ ವಾರದ ಲೆಕ್ಕ ಮತ್ತೆ 58 ಗಂಟೆಗೆ ಏರಿತು. ಅಕ್ಟೋಬರಿನಲ್ಲಿ 49. ಹಾಲಿನ ಪುಸ್ತಕ ಮುಗಿದು, ಈಗ ಹೊಸದರಲ್ಲಿ ಬರೆಯುತ್ತಿದ್ದೇನೆ.