ಮಲ್ಟಿವೇರಿಯಬಲ್ ಕ್ಯಾಲ್ಕುಲಸ್ ಓದುವುದು ಹೇಗೆ? ಮೊದಲು ಚಿತ್ರ, ಆಮೇಲೆ ಲೆಕ್ಕ

ಪಿಯುಸಿ ಗಣಿತದಲ್ಲಿ ಒಳ್ಳೆ ಅಂಕ ತೆಗೆದ ಮಕ್ಕಳೂ ಇಂಜಿನಿಯರಿಂಗ್ ಮೊದಲ ವರ್ಷದಲ್ಲಿ ಡಬಲ್ ಇಂಟಿಗ್ರಲ್ ಮುಂದೆ ಪೆನ್ನು ಹಿಡಿದು ಸುಮ್ನೆ ಕೂತುಬಿಡುತ್ತಾರೆ. ಕಲಬುರಗಿಯಲ್ಲಿ ಇಂಥ ಮಕ್ಕಳಿಗೆ ಗಣಿತ ಹೇಳಿಕೊಡುವಾಗ ಒಂದೇ ಮಾತು ಮತ್ತೆ ಮತ್ತೆ ಕಿವಿಗೆ ಬೀಳುತ್ತದೆ: "ಇಂಟಿಗ್ರೇಷನ್ ಬರ್ತದ್ರಿ ಸರ್, ಲಿಮಿಟ್ ಹ್ಯಾಂಗ ಹಾಕಬೇಕು ಅದೇ ತಿಳಿವಲ್ದು." ಲಿಮಿಟ್ ಎಂದರೆ ಇಂಟಿಗ್ರೇಷನ್ ಎಲ್ಲಿಂದ ಎಲ್ಲಿಯವರೆಗೆ ಎಂಬ ಮಿತಿ.

ಅವರು ತಮ್ಮ ತೊಂದರೆಯನ್ನು ಸರಿಯಾಗಿಯೇ ಹಿಡಿದಿದ್ದಾರೆ. ಈ ವಿಷಯದಲ್ಲಿ ಹೊಸ ಸೂತ್ರಗಳು ಕಡಿಮೆ. ಒಂದು ಚರಾಕ್ಷರದಲ್ಲಿ ಕಲಿತ ಡಿಫರೆನ್ಷಿಯೇಷನ್, ಇಂಟಿಗ್ರೇಷನ್ನನ್ನೇ ಎರಡು, ಮೂರು ಚರಾಕ್ಷರಗಳಿಗೆ ಮಾಡುತ್ತೇವೆ. ಆದರೆ ಲೆಕ್ಕ ಗೆರೆಯ ಮೇಲಿಂದ ಜಾಗಕ್ಕೆ ಬಂದಿರುತ್ತದೆ. ಆ ಜಾಗ ಕಣ್ಣಿಗೆ ಕಾಣದಿದ್ದರೆ ಲಿಮಿಟ್ ಹೊಳೆಯುವುದಿಲ್ಲ. ಹಾಗಾಗಿ ಈ ಲೇಖನದ ಪ್ರತಿ ಹೆಜ್ಜೆಯಲ್ಲೂ ಪೆನ್ಸಿಲ್ ಕೈಯಲ್ಲಿರಲಿ.

ಮೊದಲು ಸಿಲಬಸ್ ನೋಡಿ

ನಿಮ್ಮ ಕಾಲೇಜು ವಿಟಿಯು (ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯ) ಸಿಲಬಸ್ ಪ್ರಕಾರ ನಡೆಯುತ್ತದೋ, ಸ್ವಾಯತ್ತ ಕಾಲೇಜೋ ತಿಳಿದುಕೊಳ್ಳಿ. ಕಲಬುರಗಿಯ ಪಿಡಿಎ ಕಾಲೇಜು ಸ್ವಾಯತ್ತ. ಅಂಥ ಕಡೆ ಪ್ರಶ್ನೆಪತ್ರಿಕೆ ಬೇರೆ ಇರುತ್ತದೆ. ಬೇರೆ ಕಾಲೇಜಿನ ಗೆಳೆಯ ಕೊಟ್ಟ ನೋಟ್ಸ್ ಪೂರ್ತಿ ಹೊಂದಲಿಕ್ಕಿಲ್ಲ. ಸಾಮಾನ್ಯವಾಗಿ ಪಾರ್ಷಿಯಲ್ ಡಿಫರೆನ್ಷಿಯೇಷನ್ ಎಂ-ಒನ್‌ನಲ್ಲಿ (ಮೊದಲ ಸೆಮಿಸ್ಟರ್ ಗಣಿತ), ಡಬಲ್-ಟ್ರಿಪಲ್ ಇಂಟಿಗ್ರಲ್ ಮತ್ತು ವೆಕ್ಟರ್ ಕ್ಯಾಲ್ಕುಲಸ್ ಎಂ-ಟುನಲ್ಲಿ (ಎರಡನೇ ಸೆಮಿಸ್ಟರ್ ಗಣಿತ) ಬರುತ್ತವೆ. ಸ್ಕೀಮ್ ಬದಲಾದಾಗ ಇವು ಆಚೀಚೆ ಆಗುವುದುಂಟು.

ಪಾರ್ಷಿಯಲ್ ಡಿರೈವೇಟಿವ್: ಒಂದನ್ನು ಹಿಡಿದು ನಿಲ್ಲಿಸಿ

ಯಾದಗಿರಿ ಕೋಟೆ ಬೆಟ್ಟದ ಇಳಿಜಾರಿನಲ್ಲಿ ನಿಂತಿದ್ದೀರಿ ಎಂದುಕೊಳ್ಳಿ. ನೀವು ನಿಂತ ಜಾಗ ಎಕ್ಸ್ ಮತ್ತು ವೈ, ಅಲ್ಲಿನ ಎತ್ತರ ಝಡ್. ನೇರ ಪೂರ್ವಕ್ಕೆ ಒಂದು ಹೆಜ್ಜೆ ಇಟ್ಟರೆ ಎಷ್ಟು ಏರುತ್ತೀರಿ? ಅದು ಎಕ್ಸ್ ಕಡೆಯ ಪಾರ್ಷಿಯಲ್ ಡಿರೈವೇಟಿವ್. ನೇರ ಉತ್ತರಕ್ಕೆ ಹೆಜ್ಜೆ ಇಟ್ಟರೆ ವೈ ಕಡೆಯದು. ಒಂದರ ಲೆಕ್ಕ ಮಾಡುವಾಗ ಇನ್ನೊಂದು ಕದಲಬಾರದು, ಅಷ್ಟೇ ನಿಯಮ.

ಪೂರ್ವದ ಏರು 3, ಉತ್ತರದ ಏರು 4 ಇದ್ದರೆ ಗ್ರೇಡಿಯೆಂಟ್ ಎಂದರೆ ಈ ಎರಡನ್ನೂ ಸೇರಿಸಿದ ವೆಕ್ಟರ್. ಅದರ ಉದ್ದ 5. ಬೆಟ್ಟ ಅತಿ ಕಡಿದಾಗಿ ಏರುವುದು ಅದೇ ದಿಕ್ಕಿನಲ್ಲಿ. ಅದಕ್ಕೆ ಸರಿಯಾಗಿ ಅಡ್ಡ ನಡೆದರೆ ಆ ಹೆಜ್ಜೆಯಲ್ಲಿ ಏರೂ ಇಲ್ಲ, ಇಳಿವೂ ಇಲ್ಲ. ಕಂಪ್ಯೂಟರ್ ಸೈನ್ಸ್‌ನವರು ಮುಂದೆ ಮಷೀನ್ ಲರ್ನಿಂಗ್‌ನಲ್ಲಿ ಓದುವ ಗ್ರೇಡಿಯೆಂಟ್ ಡಿಸೆಂಟ್ ಕೂಡ ಇದೇ. ಗ್ರೇಡಿಯೆಂಟ್ ತೋರಿಸಿದ ದಿಕ್ಕಿಗೆ ಬೆನ್ನು ಮಾಡಿ ಸಣ್ಣ ಸಣ್ಣ ಹೆಜ್ಜೆ ಇಡುತ್ತಾ ಹೋಗುವುದು.

ಅಭ್ಯಾಸಕ್ಕೆ ಎಕ್ಸ್ ಸ್ಕ್ವೇರ್ ವೈ ಪ್ಲಸ್ 3 ಎಕ್ಸ್ ವೈ ಸ್ಕ್ವೇರ್ ತಗೊಳ್ಳಿ. ಮೊದಲು ಎಕ್ಸ್‌ಗೆ, ಆಮೇಲೆ ವೈಗೆ ಡಿಫರೆನ್ಷಿಯೇಟ್ ಮಾಡಿ. ನಂತರ ಕ್ರಮ ತಿರುಗಿಸಿ ಮಾಡಿ. ಎರಡೂ ಸಲ 2 ಎಕ್ಸ್ ಪ್ಲಸ್ 6 ವೈ ಬರಬೇಕು. ಬರದಿದ್ದರೆ ಎಲ್ಲೋ ಕೈ ತಪ್ಪಿದೆ. ಪರೀಕ್ಷೆಯಲ್ಲೂ ಅರ್ಧ ನಿಮಿಷದಲ್ಲಿ ಮಾಡಬಹುದಾದ ತಾಳೆ ಇದು.

ಮ್ಯಾಕ್ಸಿಮಾ-ಮಿನಿಮಾ: ಭಾಗಿಸಿ ಬಿಂದು ಕಳೆದುಕೊಳ್ಳಬೇಡಿ

ಎಕ್ಸ್ ಕ್ಯೂಬ್ ಪ್ಲಸ್ ವೈ ಕ್ಯೂಬ್ ಮೈನಸ್ 3 ಎಕ್ಸ್ ವೈ. ಹಳೇ ಲೆಕ್ಕ, ಆದರೂ ತುಂಬಾ ಕಲಿಸುತ್ತದೆ. ಎರಡೂ ಪಾರ್ಷಿಯಲ್ ಡಿರೈವೇಟಿವ್‌ಗಳನ್ನು ಸೊನ್ನೆ ಮಾಡಿದರೆ ವೈ ಸಮ ಎಕ್ಸ್ ಸ್ಕ್ವೇರ್, ಎಕ್ಸ್ ಸಮ ವೈ ಸ್ಕ್ವೇರ್ ಸಿಗುತ್ತವೆ. ಒಂದರಲ್ಲಿ ಇನ್ನೊಂದನ್ನು ಹಾಕಿದಾಗ ಎಕ್ಸ್‌ನ ನಾಲ್ಕನೇ ಘಾತ ಸಮ ಎಕ್ಸ್ ಆಗುತ್ತದೆ. ಇಲ್ಲೇ ಜಾಸ್ತಿ ಮಕ್ಕಳು ಎರಡೂ ಕಡೆ ಎಕ್ಸ್ ಹೊಡೆದುಹಾಕುತ್ತಾರೆ. 1 ಮಾತ್ರ ಉಳಿಯುತ್ತದೆ, ಸೊನ್ನೆ ಮಾಯ. ಹೊಡೆದುಹಾಕಬೇಡಿ, ಒಂದೇ ಕಡೆ ತಂದು ಅಪವರ್ತಿಸಿ. ಆಗ (0, 0) ಮತ್ತು (1, 1) ಎರಡೂ ಬಿಂದು ಸಿಗುತ್ತವೆ.

ನಮ್ಮ ಪಠ್ಯಗಳಲ್ಲಿ ಎರಡನೇ ಡಿರೈವೇಟಿವ್‌ಗಳಿಗೆ ಆರ್, ಎಸ್, ಟಿ ಎಂದು ಹೆಸರಿಡುತ್ತಾರೆ: ಎಕ್ಸ್‌ಗೆ ಎರಡು ಸಲ ಮಾಡಿದ್ದು ಆರ್, ಎಕ್ಸ್‌ಗೂ ವೈಗೂ ಒಂದೊಂದು ಸಲ ಮಾಡಿದ್ದು ಎಸ್, ವೈಗೆ ಎರಡು ಸಲ ಮಾಡಿದ್ದು ಟಿ. ಆರ್ ಟಿ ಮೈನಸ್ ಎಸ್ ಸ್ಕ್ವೇರ್ ಇಲ್ಲಿ 36 ಎಕ್ಸ್ ವೈ ಮೈನಸ್ 9. (0, 0)ದಲ್ಲಿ ಅದು ಮೈನಸ್ 9. ಅಂದರೆ ಸ್ಯಾಡಲ್ ಪಾಯಿಂಟ್: ಒಂದು ಕಡೆ ಏರು, ಇನ್ನೊಂದು ಕಡೆ ಇಳಿಜಾರು. (1, 1)ರಲ್ಲಿ 27, ಜೊತೆಗೆ ಆರ್ ಕೂಡ ಪಾಸಿಟಿವ್. ಹಾಗಾಗಿ ಮಿನಿಮಮ್, ಬೆಲೆ ಮೈನಸ್ 1. ಮೊಬೈಲಿನಲ್ಲಿ ಜಿಯೋಜೀಬ್ರಾದ 3ಡಿ ಕ್ಯಾಲ್ಕುಲೇಟರ್ ಉಚಿತವಾಗಿ ಸಿಗುತ್ತದೆ. ಈ ಫಂಕ್ಷನ್ನನ್ನು ಅದರಲ್ಲಿ ಹಾಕಿ, ಬೆರಳಿನಿಂದ ತಿರುಗಿಸಿ ನೋಡಿ. ಸ್ಯಾಡಲ್ ಪಾಯಿಂಟ್ ಒಮ್ಮೆ ಕಣ್ಣಾರೆ ಕಂಡರೆ ಮರೆಯುವುದಿಲ್ಲ.

ಡಬಲ್ ಇಂಟಿಗ್ರಲ್: ಇಲ್ಲಿ ನಿಧಾನವಾಗಿ ಹೋಗಿ

ಇಡೀ ಕೋರ್ಸಿನಲ್ಲಿ ಹೆಚ್ಚು ಸಮಯ ಕೊಡಬೇಕಾದ್ದು ಇಲ್ಲಿಗೆ. ಒಂದು ಲೆಕ್ಕ ನೋಡೋಣ. ಒಳಗಿನ ಲಿಮಿಟ್: ವೈ ಎಕ್ಸ್‌ನಿಂದ 1ರವರೆಗೆ. ಹೊರಗಿನದು: ಎಕ್ಸ್ ಸೊನ್ನೆಯಿಂದ 1ರವರೆಗೆ. ಇಂಟಿಗ್ರೇಟ್ ಮಾಡಬೇಕಾದ್ದು ಇ ಟು ದಿ ಪವರ್ ವೈ ಸ್ಕ್ವೇರ್.

ನೇರ ಹೊರಟರೆ ದಾರಿ ಮುಚ್ಚಿದೆ. ವೈ ಮೇಲೆ ಇದನ್ನು ಇಂಟಿಗ್ರೇಟ್ ಮಾಡಲು ನಮಗೆ ಗೊತ್ತಿರುವ ಯಾವ ಸೂತ್ರವೂ ಇಲ್ಲ. ಈಗ ಚಿತ್ರ ಬಿಡಿಸಿ. ವೈ ಸಮ ಎಕ್ಸ್ ಒಂದು ಓರೆ ಗೆರೆ. ವೈ ಸಮ 1 ಮೇಲಿನ ಅಡ್ಡ ಗೆರೆ. ಎಡಕ್ಕೆ ವೈ ಅಕ್ಷ. (0, 0), (0, 1), (1, 1) ಮೂಲೆಗಳ ತ್ರಿಕೋನ ಕಾಣುತ್ತದೆ. ಅದರೊಳಗೆ ಪೆನ್ಸಿಲಿನಿಂದ ಕೆಳಗಿನಿಂದ ಮೇಲಕ್ಕೆ ನೆಟ್ಟಗೆ ಒಂದು ಪಟ್ಟಿ ಎಳೆಯಿರಿ: ಓರೆ ಗೆರೆಯಲ್ಲಿ ಹುಟ್ಟಿ ಮೇಲಿನ ಗೆರೆಗೆ ಮುಟ್ಟುತ್ತದೆ. ಪ್ರಶ್ನೆಯಲ್ಲಿ ಕೊಟ್ಟ ಲಿಮಿಟ್ ಇದೇ.

ಈಗ ಪಟ್ಟಿಯನ್ನು ಅಡ್ಡ ಎಳೆಯಿರಿ. ಎಡಕ್ಕೆ ವೈ ಅಕ್ಷದಲ್ಲಿ, ಅಂದರೆ ಎಕ್ಸ್ ಸಮ ಸೊನ್ನೆಯಲ್ಲಿ ಶುರು. ಬಲಕ್ಕೆ ಓರೆ ಗೆರೆಯಲ್ಲಿ, ಎಕ್ಸ್ ಸಮ ವೈ ಆದಲ್ಲಿ ಕೊನೆ. ಈ ಅಡ್ಡ ಪಟ್ಟಿ ಕೆಳಗಿನ ಮೂಲೆಯಿಂದ ಮೇಲಕ್ಕೆ, ವೈ ಸೊನ್ನೆಯಿಂದ 1ರವರೆಗೆ ಸರಿಯುತ್ತದೆ. ಹೊಸ ಲಿಮಿಟ್ ಸಿಕ್ಕಿತು ನೋಡಿ, ಯಾವ ಸೂತ್ರವೂ ಬೇಕಾಗಲಿಲ್ಲ. ಒಳಗಿನ ಇಂಟಿಗ್ರಲ್‌ನಿಂದ ಒಂದು ವೈ ಹೊರಬಂದು ಮುಂದೆ ಗುಣಿಸಿ ನಿಲ್ಲುತ್ತದೆ. ಅದು ಬಂದ ಕೂಡಲೇ ವೈ ಸ್ಕ್ವೇರನ್ನು ಯು ಎಂದು ಹಾಕಿಕೊಂಡು ಮುಗಿಸಬಹುದು. ಉತ್ತರ: ಇ ಮೈನಸ್ 1, ಅದರ ಅರ್ಧ. ಸುಮಾರು 0.86.

ಪ್ರಶ್ನೆಯ ಇಂಗ್ಲಿಷ್ ಕಷ್ಟ ಎನ್ನುವ ಕನ್ನಡ ಮಾಧ್ಯಮದ ಮಕ್ಕಳಿಗೂ ಇದೇ ದಾರಿ. ವಾಕ್ಯದಲ್ಲಿ ಎಲ್ಲೆಲ್ಲಿ ಗೆರೆ ಅಥವಾ ವಕ್ರರೇಖೆಯ ಸಮೀಕರಣ ಇದೆಯೋ ಅದಕ್ಕೆ ಅಡಿಗೆರೆ ಹಾಕಿ, ಒಂದೊಂದಾಗಿ ಬಿಡಿಸಿ. ಪ್ರಶ್ನೆ ಏನು ಕೇಳುತ್ತಿದೆ ಎಂದು ಚಿತ್ರವೇ ಹೇಳುತ್ತದೆ.

ಪೋಲಾರ್‌ಗೆ ಬದಲಿಸಿದಾಗ ಬರುವ ಆ 'ಆರ್'

ದಾಲ್ ಮಿಲ್ಲಿನ ಅಂಗಳದಲ್ಲಿ ತೊಗರಿ ರಾಶಿ ಇದೆ. ಸರಿಯಾಗಿ ಶಂಕುವಿನ ಆಕಾರ ಎಂದುಕೊಳ್ಳೋಣ. ನಡುವೆ ಎತ್ತರ 2 ಮೀಟರ್, ತಳದ ತ್ರಿಜ್ಯ 4 ಮೀಟರ್. ನಡುವಿನಿಂದ ಆರ್ ದೂರದಲ್ಲಿ ಎತ್ತರ 2 ಮೈನಸ್ ಆರ್ ಬೈ 2. ಘನಫಲ ಎಷ್ಟು?

ತಳ ದುಂಡಗಿದೆ, ಹಾಗಾಗಿ ಪೋಲಾರ್: ಎಕ್ಸ್, ವೈ ಬದಲು ನಡುವಿನಿಂದ ದೂರ ಆರ್ ಮತ್ತು ಕೋನ ಥೀಟಾ. ಆರ್ ಸೊನ್ನೆಯಿಂದ 4, ಥೀಟಾ ಸೊನ್ನೆಯಿಂದ 2 ಪೈ. ಲಿಮಿಟ್ ಇಷ್ಟು ಸುಲಭ. ಆದರೆ ಡಿಎಕ್ಸ್ ಡಿವೈ ಜಾಗದಲ್ಲಿ ಬರೀ ಡಿಆರ್ ಡಿಥೀಟಾ ಬರೆದರೆ ಲೆಕ್ಕ ಕೆಟ್ಟಿತು. ತಳದ ಒಂದು ಸಣ್ಣ ತುಂಡನ್ನು ಹತ್ತಿರದಿಂದ ನೋಡಿ. ಅದರ ಒಂದು ಬದಿ ಡಿಆರ್. ಇನ್ನೊಂದು ಬದಿ ಕಮಾನು. ಕೋನ ಅಷ್ಟೇ ಇದ್ದರೂ ನಡುವಿನಿಂದ ದೂರ ಹೋದಷ್ಟೂ ಆ ಕಮಾನು ಉದ್ದವಾಗುತ್ತದೆ. ಅದರ ಉದ್ದ ಆರ್ ಗುಣಿಸು ಡಿಥೀಟಾ. ಹಾಗಾಗಿ ತುಂಡಿನ ಕ್ಷೇತ್ರಫಲ ಆರ್ ಡಿಆರ್ ಡಿಥೀಟಾ. ಜಾಕೋಬಿಯನ್ ಎಂದು ಬಾಯಿಪಾಠ ಮಾಡುವ ಡಿಟರ್ಮಿನೆಂಟ್ ಈ ಬದಲಾವಣೆಗೆ ಕೊಡುವ ಉತ್ತರವೂ ಇದೇ ಆರ್.

ಆರ್ ಸೇರಿಸಿ ಮಾಡಿದರೆ 32 ಪೈ ಬೈ 3, ಸುಮಾರು 33.51 ಘನ ಮೀಟರ್. ಆರ್ ಮರೆತರೆ 8 ಪೈ, ಅಂದರೆ 25.13. ಯಾವುದು ಸರಿ ಎಂದು ಹೈಸ್ಕೂಲಿನ ಶಂಕುವಿನ ಸೂತ್ರವೇ ಹೇಳುತ್ತದೆ: ಮೂರನೇ ಒಂದು ಪೈ ಆರ್ ಸ್ಕ್ವೇರ್ ಎಚ್. ಹಾಕಿ ನೋಡಿ, 33.51 ಬರುತ್ತದೆ. ಗೋಳ, ಸಿಲಿಂಡರ್, ಶಂಕು ಬಂದಾಗಲೆಲ್ಲ ಹೀಗೆ ತಾಳೆ ನೋಡುವ ಅಭ್ಯಾಸ ಇಟ್ಟುಕೊಳ್ಳಿ. ಟ್ರಿಪಲ್ ಇಂಟಿಗ್ರಲ್‌ಗೂ ದಾರಿ ಇದೇ. ಮೊದಲು ಝಡ್ ಎಲ್ಲಿಂದ ಎಲ್ಲಿಗೆ ನೋಡಿ, ಆಮೇಲೆ ಆ ಆಕಾರದ ನೆರಳು ನೆಲದ ಮೇಲೆ ಹೇಗೆ ಬೀಳುತ್ತದೆ ಎಂದು ಬಿಡಿಸಿ.

ವೆಕ್ಟರ್ ಕ್ಯಾಲ್ಕುಲಸ್

ಗ್ರೀನ್, ಸ್ಟೋಕ್ಸ್, ಗಾಸ್ ಎಂಬ ಮೂರು ಪ್ರಮೇಯಗಳನ್ನು ಬೇರೆ ಬೇರೆಯಾಗಿ ಉರು ಹೊಡೆಯಬೇಡಿ. ಮೂರೂ ಒಂದೇ ಮಾತು ಹೇಳುತ್ತವೆ: ಒಳಗೆ ನಡೆಯುವುದರ ಒಟ್ಟು ಲೆಕ್ಕ ಅಂಚಿನಲ್ಲಿ ಸಿಗುತ್ತದೆ. ಗ್ರೀನ್‌ನಲ್ಲಿ ಅಂಚು ಎಂದರೆ ಸಮತಲದ ಮೇಲಿನ ಮುಚ್ಚಿದ ಗೆರೆ. ಸ್ಟೋಕ್ಸ್‌ನಲ್ಲಿ ಮೇಲ್ಮೈಯೊಂದರ ಅಂಚಿನ ಗೆರೆ. ಗಾಸ್‌ನಲ್ಲಿ ಘನಾಕೃತಿಯನ್ನು ಸುತ್ತಿದ ಮೇಲ್ಮೈ. ಮೂರಕ್ಕೂ ಒಂದೊಂದು ಚಿತ್ರ ಬಿಡಿಸಿ ಗೋಡೆಗೆ ಅಂಟಿಸಿಕೊಳ್ಳಿ. ಜಾರ್ಜ್ ಗ್ರೀನ್ ಇಂಗ್ಲೆಂಡಿನ ನಾಟಿಂಗ್‌ಹ್ಯಾಮ್‌ನಲ್ಲಿ ಅಪ್ಪನ ಹಿಟ್ಟಿನ ಗಿರಣಿಯಲ್ಲಿ ದುಡಿಯುತ್ತಿದ್ದವನು. ಶಾಲೆ ಕಂಡದ್ದು ಬಹಳ ಕಡಿಮೆ. 1828ರಲ್ಲಿ ಅವನು ಪ್ರಕಟಿಸಿದ ಪ್ರಬಂಧದಿಂದಲೇ ಇವತ್ತು ವಿದ್ಯುತ್ ಕ್ಷೇತ್ರದ ಎಷ್ಟೋ ಲೆಕ್ಕಗಳು ನಡೆಯುತ್ತಿವೆ. ಹಳ್ಳಿಯಿಂದ ಬಂದೆ, ನನಗೆ ಗಣಿತ ಆಗಲ್ಲ ಎನ್ನುವ ಮಕ್ಕಳಿಗೆ ನಾನು ಇವನ ಕಥೆ ತಪ್ಪದೆ ಹೇಳುತ್ತೇನೆ.

ಯಾವಾಗ, ಎಲ್ಲಿ ಓದಬೇಕು

ಆಳಂದ, ಸೇಡಂ, ಶಹಾಬಾದ್ ಕಡೆಯಿಂದ ದಿನಾ ಓಡಾಡುವವರು ಬಸ್ಸು, ರೈಲಿನಲ್ಲಿ ವಿಡಿಯೊ ನೋಡಬಹುದು. ಎಂಐಟಿ ಓಪನ್‌ಕೋರ್ಸ್‌ವೇರ್‌ನಲ್ಲಿ ಡೆನಿಸ್ ಒರೂ 2007ರಲ್ಲಿ ಮಾಡಿದ ಪಾಠಗಳು ಉಚಿತ. ಎನ್‌ಪಿಟೆಲ್ ಎಂಬ ಆನ್‌ಲೈನ್ ಪಾಠಗಳ ತಾಣದಲ್ಲೂ ನಮ್ಮ ಐಐಟಿ ಅಧ್ಯಾಪಕರ ಪಾಠಗಳಿವೆ. ಆದರೆ ನೋಡಿದ್ದನ್ನು ಮನೆಗೆ ಬಂದು ಕೈಯಲ್ಲಿ ಬರೆಯಬೇಕು. ಬರೀ ನೋಡಿದರೆ ಎಲ್ಲಾ ಬಂದಂತೆ ಅನಿಸುತ್ತದೆ, ಅಲ್ವಾ? ಹಾಳೆ ಮುಂದೆ ಕೂತಾಗ ನಿಜ ಗೊತ್ತಾಗುತ್ತದೆ. ಏಪ್ರಿಲ್, ಮೇನಲ್ಲಿ ನಮ್ಮ ಕಡೆ ಬಿಸಿಲು 40 ಡಿಗ್ರಿ ದಾಟುತ್ತದೆ. ಆಗ ಮಧ್ಯಾಹ್ನ ಟ್ರಿಪಲ್ ಇಂಟಿಗ್ರಲ್ ತಲೆಗೆ ಹತ್ತುವುದಿಲ್ಲ. ನಸುಕಿಗೆ ಎದ್ದು ಹೊಸದನ್ನು ಕಲಿಯಿರಿ, ಹಳೆಯದನ್ನು ಸಂಜೆಗೆ ಇಟ್ಟುಕೊಳ್ಳಿ.

ಪರೀಕ್ಷೆಯಲ್ಲಿ

ಸಿಇಟಿಯಲ್ಲಿ ಉತ್ತರ ಗುರುತು ಮಾಡಿದರೆ ಸಾಕಿತ್ತು. ಇಲ್ಲಿ ಹಂತ ಹಂತಕ್ಕೂ ಅಂಕ ಇದೆ. ಚಿತ್ರ, ಲಿಮಿಟ್, ಜಾಕೋಬಿಯನ್ ಮೂರನ್ನೂ ಸ್ಪಷ್ಟವಾಗಿ ಬರೆಯಿರಿ. ಕೊನೆಯ ಕೂಡುವಿಕೆಯಲ್ಲಿ ತಪ್ಪಿದರೂ ಹೆಚ್ಚಿನ ಅಂಕ ಉಳಿಯುತ್ತದೆ. ವಿಟಿಯು ಪತ್ರಿಕೆಯಲ್ಲಿ ಪ್ರತಿ ಮಾಡ್ಯೂಲಿನಿಂದ ಒಂದು ಪೂರ್ಣ ಪ್ರಶ್ನೆ ಬರೆಯಬೇಕು. ಆದ್ದರಿಂದ ಒಂದು ಮಾಡ್ಯೂಲನ್ನೇ ಕೈಬಿಟ್ಟರೆ ಅಷ್ಟು ಅಂಕ ಹೋದಂತೆ. ಪಾಸಾಗಲು ಸಾಕಾಗುವಷ್ಟು ಪ್ರಶ್ನೆಗಳನ್ನು ಆರಿಸಿ ಪಾಸಿಂಗ್ ಪ್ಯಾಕೇಜ್ ಎಂದು ಹಂಚುವ ಹಾಳೆಗಳನ್ನು ಕೊನೆಯ ವಾರ ಪುನರಾವರ್ತನೆಗೆ ಬಳಸಿ. ಅದರಿಂದಲೇ ಕಲಿಯಲು ಹೊರಟರೆ ಲಿಮಿಟ್ ಸ್ವಲ್ಪ ಬದಲಾದ ಪ್ರಶ್ನೆಗೂ ಕೈ ಕಟ್ಟಿಹೋಗುತ್ತದೆ.

ಎಂ-ಒನ್ ಬ್ಯಾಕ್‌ಲಾಗ್ ಇಟ್ಟುಕೊಂಡು ಎಂ-ಟು ಓದುತ್ತಿರುವವರು ಮೊದಲ ವಾರ ಪಾರ್ಷಿಯಲ್ ಡಿರೈವೇಟಿವ್ ಮತ್ತು ಜಾಕೋಬಿಯನ್ ಎರಡನ್ನೇ ಹಿಡಿಯಿರಿ. ಎರಡೂ ಪತ್ರಿಕೆಗೆ ಬೇಕಾಗುವ ಭಾಗ ಅದು. ಅದು ಕೈಗೆ ಬಂದ ಮೇಲೆ ವೆಕ್ಟರ್ ಕ್ಯಾಲ್ಕುಲಸ್‌ನಲ್ಲಿ ಪಾರ್ಷಿಯಲ್ ಡಿರೈವೇಟಿವ್‌ಗಳಿಂದಲೇ ಕಟ್ಟುವ ಗ್ರೇಡಿಯೆಂಟ್, ಡೈವರ್ಜೆನ್ಸ್, ಕರ್ಲ್ ಹೊಸ ಪಾಠವೇ ಅನಿಸುವುದಿಲ್ಲ.