ಗಡಿನಾಡಿನ ಶಾಲೆಯಲ್ಲಿ ಮಗುವಿನ ಸುರಕ್ಷೆ: ದೂರು ಯಾರಿಗೆ, ಯಾವ ಭಾಷೆಯಲ್ಲಿ?

ಕೇರಳದ ಕಾಸರಗೋಡು ಜಿಲ್ಲೆಯ ಮಂಜೇಶ್ವರ, ಕುಂಬಳೆ, ಬದಿಯಡ್ಕ ಕಡೆಯ ಕನ್ನಡ ಮಾಧ್ಯಮ ಶಾಲೆಗಳಿಗೆ ಬರುವ ಮಕ್ಕಳಲ್ಲಿ ಅನೇಕರು ಮನೆಯಲ್ಲಿ ತುಳು, ಹವ್ಯಕ, ಕೊಂಕಣಿ, ಮರಾಠಿ ಅಥವಾ ಬ್ಯಾರಿ ಮಾತನಾಡುತ್ತಾರೆ. ತರಗತಿಯಲ್ಲಿ ಅವರದು ಕನ್ನಡ. ಪಂಚಾಯತ್ ಕಚೇರಿಯ, ಪೊಲೀಸ್ ಠಾಣೆಯ ಕಡತಗಳು ಮಾತ್ರ ಬಹುಮಟ್ಟಿಗೆ ಮಲಯಾಳದಲ್ಲಿರುತ್ತವೆ. ಶಾಲೆಯಲ್ಲಿ ಮಗುವಿಗೆ ಪೆಟ್ಟಾದಾಗ, ಬೆದರಿಕೆ ಬಂದಾಗ ಅಥವಾ ಅದಕ್ಕಿಂತ ಕೆಟ್ಟದ್ದು ನಡೆದಾಗ ಇಲ್ಲಿನ ಪೋಷಕರು ಸೋಲುವುದು ಕಾನೂನು ಇಲ್ಲದೆ ಅಲ್ಲ, ಯಾವ ಬಾಗಿಲನ್ನು ಯಾವ ಮಾತಿನಲ್ಲಿ ತಟ್ಟಬೇಕೆಂದು ತಿಳಿಯದೆ. ಕೇಂದ್ರ ಮತ್ತು ಕೇರಳ ಸರಕಾರಗಳು ಮಾಡಿರುವ ಏರ್ಪಾಡುಗಳನ್ನು ಬಳಸಿಕೊಳ್ಳುವ ಕ್ರಮವನ್ನು ಇಲ್ಲಿ ಹಂತಹಂತವಾಗಿ ವಿವರಿಸಲಾಗಿದೆ.

ಘಟನೆ ನಡೆಯುವ ಮೊದಲು

ಕೇರಳದಲ್ಲಿ ಜೂನ್ ತಿಂಗಳಲ್ಲಿ ಶಾಲೆ ತೆರೆಯುವ ಮುನ್ನ ಪ್ರತಿವರ್ಷವೂ ಕಟ್ಟಡಕ್ಕೆ ಸ್ಥಳೀಯಾಡಳಿತದ ಎಂಜಿನಿಯರ್ ಫಿಟ್‌ನೆಸ್ ಸರ್ಟಿಫಿಕೇಟ್ ನೀಡಬೇಕು. ರಕ್ಷಕ ಶಿಕ್ಷಕ ಸಂಘದ ಮೊದಲ ಸಭೆಯಲ್ಲಿ ಆ ಪತ್ರವನ್ನು ತೋರಿಸುವಂತೆ ಕೇಳಿರಿ. ಕೇಳಿದ್ದನ್ನು ನಡಾವಳಿ ಪುಸ್ತಕದಲ್ಲಿ ಬರೆಸಿರಿ. 2025ರ ಜುಲೈಯಲ್ಲಿ ರಾಜಸ್ಥಾನದ ಝಾಲಾವಾಡ್ ಜಿಲ್ಲೆಯಲ್ಲಿ ಶಾಲಾ ಕಟ್ಟಡ ಕುಸಿದು 7 ಮಕ್ಕಳು ಸತ್ತ ಬಳಿಕ ಕೇಂದ್ರ ಶಿಕ್ಷಣ ಸಚಿವಾಲಯ ಎಲ್ಲ ರಾಜ್ಯಗಳಿಗೂ ಶಾಲೆಗಳ ಸುರಕ್ಷತಾ ತಪಾಸಣೆ ಕಡ್ಡಾಯವೆಂದು ಸೂಚಿಸಿತು. ಅದೇ ತಿಂಗಳಲ್ಲಿ ಕೊಲ್ಲಂ ಜಿಲ್ಲೆಯ ಶಾಲೆಯೊಂದರಲ್ಲಿ ವಿದ್ಯಾರ್ಥಿಯೊಬ್ಬ ವಿದ್ಯುತ್ ತಂತಿ ತಗಲಿ ಮೃತಪಟ್ಟಿದ್ದನು. ನಮ್ಮಲ್ಲಿ ಇವುಗಳ ಜೊತೆಗೆ ನೋಡಬೇಕಾದ್ದು ಇನ್ನೂ ಇದೆ: ಮಳೆಗಾಲದಲ್ಲಿ ನೀರು ತುಂಬುವ ಕೆಂಪುಕಲ್ಲಿನ ಕೋರೆ, ಆವರಣದ ಪೊದೆ, ಕರ್ನಾಟಕದ ಗಡಿಯಾದ ತಲಪ್ಪಾಡಿಯಿಂದ ತೆಂಕಣಕ್ಕೆ ಅಗಲಗೊಂಡ ರಾಷ್ಟ್ರೀಯ ಹೆದ್ದಾರಿ 66ನ್ನು ಮಕ್ಕಳು ದಾಟುವ ಜಾಗ.

ಇವೆಲ್ಲ ಕಣ್ಣಿಗೆ ಕಾಣುವ ಅಪಾಯಗಳು. ಕಾಣದ ಅಪಾಯದ ಬಗ್ಗೆ ಕೇಳಬೇಕಾದ ಪ್ರಶ್ನೆ ಒಂದೇ, ಆದರೆ ಅದನ್ನು ಕೇಳಲು ನಮಗೆ ದಾಕ್ಷಿಣ್ಯ. ಮಕ್ಕಳನ್ನು ಲೈಂಗಿಕ ಅಪರಾಧಗಳಿಂದ ರಕ್ಷಿಸುವ ಪೋಕ್ಸೋ ಕಾಯಿದೆಯ 2020ರ ನಿಯಮಗಳ ಪ್ರಕಾರ ಮಕ್ಕಳೊಂದಿಗೆ ನಿತ್ಯ ಒಡನಾಡುವ ಸಂಸ್ಥೆಗಳು ತಮ್ಮ ಸಿಬ್ಬಂದಿಯ ಪೂರ್ವಾಪರವನ್ನು ಪೊಲೀಸರ ಮೂಲಕ ಕಾಲಕಾಲಕ್ಕೆ ಪರಿಶೀಲಿಸಬೇಕು. ಇದು ಅಧ್ಯಾಪಕರಿಗಷ್ಟೇ ಅಲ್ಲ, ಬಸ್ ಚಾಲಕರಿಗೂ ಇತರ ನೌಕರರಿಗೂ ಅನ್ವಯಿಸುತ್ತದೆ. 'ನಮ್ಮೂರಿನವರೇ, ಏನು ಪರಿಶೀಲನೆ' ಎಂಬ ಉತ್ತರ ಬಂದರೆ ಅದನ್ನು ಒಪ್ಪಿಕೊಳ್ಳಬೇಡಿರಿ.

ಶಾಲೆಯ ಸುತ್ತಲಿನ ವಿಷಯಕ್ಕೆ ಬಂದರೆ, ಶಿಕ್ಷಣ ಸಂಸ್ಥೆಯಿಂದ 100 ಗಜದೊಳಗೆ ತಂಬಾಕು ಮಾರುವುದನ್ನು 2003ರ ಕಾಯಿದೆ ನಿಷೇಧಿಸಿದೆ. ಪೊಲೀಸರು, ಅಧ್ಯಾಪಕರು, ಪೋಷಕರು, ಅಂಗಡಿಯವರು, ರಿಕ್ಷಾ ಚಾಲಕರು ಸೇರಿದ ಸ್ಕೂಲ್ ಪ್ರೊಟೆಕ್ಷನ್ ಗ್ರೂಪ್‌ಗಳು ಕೇರಳದಲ್ಲಿ ಇರುವುದು ಇಂತಹ ಕೆಲಸಕ್ಕಾಗಿಯೇ. ನಿಮ್ಮ ಶಾಲೆಯ ಗುಂಪು ಕೊನೆಯ ಬಾರಿ ಸಭೆ ಸೇರಿದ್ದು ಯಾವಾಗ ಎಂದು ವಿಚಾರಿಸಿರಿ.

ಪೆಟ್ಟಿನ ವಿಚಾರ

2009ರ ಶಿಕ್ಷಣ ಹಕ್ಕು ಕಾಯಿದೆಯ 17ನೇ ಸೆಕ್ಷನ್ ದೈಹಿಕ ಶಿಕ್ಷೆಯನ್ನೂ ಮಾನಸಿಕ ಕಿರುಕುಳವನ್ನೂ ಒಟ್ಟಿಗೆ ನಿಷೇಧಿಸುತ್ತದೆ. ಮಗುವಿನ ಮನೆಮಾತನ್ನು ಅಥವಾ ಜಾತಿಯನ್ನು ಎತ್ತಿ ಎಲ್ಲರೆದುರು ಹೀಯಾಳಿಸುವುದು ಬೆತ್ತದ ಪೆಟ್ಟಿಗಿಂತ ಹಗುರವಾದುದೆಂದು ಭಾವಿಸಬೇಕಾಗಿಲ್ಲ. 'ಮಾಷ್ಟ್ರು ಎರಡು ಕೊಡದಿದ್ದರೆ ಮಗು ಕಲಿಯುವುದುಂಟೇ' ಎಂದು ಹೇಳುವ ಪೋಷಕರು ಇಂದಿಗೂ ನಮ್ಮ ಸಭೆಗಳಲ್ಲಿ ಸಿಗುತ್ತಾರೆ. ಇಂತಹ ಸಭೆಯೊಂದರಲ್ಲಿ ನಾನು ಸುಮ್ಮನೆ ಕುಳಿತಿದ್ದೆ ಎಂಬುದನ್ನು ಒಪ್ಪಿಕೊಂಡೇ ಇದನ್ನು ಬರೆಯುತ್ತಿದ್ದೇನೆ.

ಇಂತಹ ದೂರನ್ನು ಮೊದಲು ಮುಖ್ಯೋಪಾಧ್ಯಾಯರಿಗೆ ಲಿಖಿತವಾಗಿ ಕೊಡಬೇಕು. ದಿನಾಂಕ, ಪಿರಿಯಡ್, ನಡೆದ ಸಂಗತಿ, ಗಾಯವಾಗಿದ್ದರೆ ಆಸ್ಪತ್ರೆಯ ಚೀಟಿಯ ಪ್ರತಿ ಇಷ್ಟಿದ್ದರೆ ಸಾಕು. ವಿಶೇಷಣಗಳು ಬೇಡ. ಎರಡನೆಯ ಪ್ರತಿಯಲ್ಲಿ ಸ್ವೀಕೃತಿಯ ಸಹಿಯನ್ನೂ ಮೊಹರನ್ನೂ ಪಡೆಯದೆ ಹಿಂತಿರುಗಬಾರದು. ಅಲ್ಲಿ ಪರಿಹಾರ ಸಿಗದಿದ್ದರೆ ಅದೇ ಕಾಯಿದೆಯ 32ನೇ ಸೆಕ್ಷನ್ ಪ್ರಕಾರ ಸ್ಥಳೀಯಾಡಳಿತಕ್ಕೆ ದೂರು ಸಲ್ಲಿಸಬಹುದು. ಅವರು 3 ತಿಂಗಳೊಳಗೆ ತೀರ್ಮಾನಿಸಬೇಕು. ಆ ತೀರ್ಮಾನ ಒಪ್ಪಿಗೆಯಾಗದಿದ್ದರೆ ರಾಜ್ಯ ಬಾಲಹಕ್ಕು ಸಂರಕ್ಷಣಾ ಆಯೋಗಕ್ಕೆ ಮೇಲ್ಮನವಿಗೆ ಅವಕಾಶವಿದೆ. ಉಪಜಿಲ್ಲಾ ವಿದ್ಯಾಧಿಕಾರಿಗಳಿಗೂ ಒಂದು ಪ್ರತಿ ಕಳುಹಿಸುವುದು ಒಳ್ಳೆಯದು.

ಹಿರಿಯ ವಿದ್ಯಾರ್ಥಿಗಳಿಂದ ಕಿರುಕುಳವಾದರೆ ದಾರಿ ಬೇರೆ. ಕೇರಳ ರ‍್ಯಾಗಿಂಗ್ ನಿಷೇಧ ಕಾಯಿದೆ 1998ರದು. ಅಪರಾಧಕ್ಕೆ 2 ವರ್ಷಗಳವರೆಗೆ ಸೆರೆವಾಸವಿದೆ. ದೂರು ತಲುಪಿದ 7 ದಿನಗಳೊಳಗೆ ಸಂಸ್ಥೆಯ ಮುಖ್ಯಸ್ಥರು ವಿಚಾರಣೆ ನಡೆಸಬೇಕು. ಮೇಲ್ನೋಟಕ್ಕೆ ನಿಜವೆಂದು ಕಂಡರೆ ಆರೋಪಿಯನ್ನು ಅಮಾನತುಗೊಳಿಸಿ ದೂರನ್ನು ಪೊಲೀಸರಿಗೆ ಒಪ್ಪಿಸಬೇಕು. ಕೈಕಟ್ಟಿ ಕುಳಿತರೆ ಅವರನ್ನೇ ಅಪರಾಧಕ್ಕೆ ಪ್ರೇರಕರೆಂದು ಪರಿಗಣಿಸಲು ಆ ಕಾಯಿದೆಯಲ್ಲಿ ಅವಕಾಶವಿದೆ.

ಲೈಂಗಿಕ ದೌರ್ಜನ್ಯದ ಸಂಶಯವಿದ್ದರೆ

ಇಲ್ಲಿ ಮೇಲಿನ ಮೆಟ್ಟಿಲುಗಳನ್ನು ಹತ್ತುತ್ತಾ ಕೂರಬಾರದು. ಶಾಲೆಯ ಒಳಸಮಿತಿ, ಪಂಚಾಯಿತಿಕೆ, ಊರಿನ ಹಿರಿಯರ ಮಾತುಕತೆ ಯಾವುದಕ್ಕೂ ಇಲ್ಲಿ ಸ್ಥಾನವಿಲ್ಲ. 2012ರ ಪೋಕ್ಸೋ ಕಾಯಿದೆಯ 19ನೇ ಸೆಕ್ಷನ್ ಪ್ರಕಾರ ವಿಷಯ ತಿಳಿದ ಯಾರೇ ಆದರೂ ಪೊಲೀಸರಿಗೆ ತಿಳಿಸಲೇಬೇಕು. ತಿಳಿಸದಿದ್ದರೆ 6 ತಿಂಗಳವರೆಗೆ ಶಿಕ್ಷೆಯಿದೆ. ಕೈಕೆಳಗಿನವರ ಕೃತ್ಯವನ್ನು ಮರೆಮಾಚಿದ ಸಂಸ್ಥೆಯ ಮುಖ್ಯಸ್ಥರಿಗೆ 1 ವರ್ಷದವರೆಗೆ. ಸದ್ಭಾವನೆಯಿಂದ ಮಾಹಿತಿ ಕೊಟ್ಟವರ ಮೇಲೆ ಯಾವ ಹೊಣೆಯೂ ಬೀಳುವುದಿಲ್ಲ. ಠಾಣೆಗೆ ಹೋಗಲು ಅಳುಕಾದರೆ ಮಕ್ಕಳ ಸಹಾಯವಾಣಿ 1098ಕ್ಕೆ ಕರೆ ಮಾಡಿರಿ, ತುರ್ತಾದರೆ 112ಕ್ಕೆ.

ಗಡಿನಾಡಿನ ಪೋಷಕರು ಮುಖ್ಯವಾಗಿ ನೆನಪಿಡಬೇಕಾದ ಅಂಶ ಇದೇ ಸೆಕ್ಷನ್‌ನಲ್ಲಿದೆ. ಮಗು ಹೇಳಿದ್ದನ್ನು ಅದಕ್ಕೆ ಅರ್ಥವಾಗುವ ಸರಳ ಭಾಷೆಯಲ್ಲಿ ಬರೆದುಕೊಳ್ಳಬೇಕು. ಬರೆಯುವ ಭಾಷೆ ಮಗುವಿಗೆ ತಿಳಿಯದಿದ್ದರೆ ಅನುವಾದಕರನ್ನು ಅಥವಾ ದುಭಾಷಿಯನ್ನು ಒದಗಿಸಬೇಕು. ತುಳುವಿನಲ್ಲಿ ಮಗು ಆಡಿದ ಮಾತು ಕನ್ನಡಕ್ಕೆ ಬಂದು, ಅಲ್ಲಿಂದ ಮಲಯಾಳಕ್ಕೆ ಹೋಗುವಷ್ಟರಲ್ಲಿ ಒಂದು ಕ್ರಿಯಾಪದ ಬದಲಾದರೂ ಮೊಕದ್ದಮೆ ಸಡಿಲಗೊಳ್ಳುತ್ತದೆ. ಆದ್ದರಿಂದ ದುಭಾಷಿಯನ್ನು ಕೇಳುವುದು ಉಪಕಾರ ಬೇಡಿದಂತಲ್ಲ. ಹೇಳಿಕೆಯನ್ನು ಮಗುವಿನ ಮನೆಯಲ್ಲಿ ಅಥವಾ ಅದು ಬಯಸುವ ಸ್ಥಳದಲ್ಲಿ, ಸಾಧ್ಯವಾದಷ್ಟೂ ಸಬ್ ಇನ್‌ಸ್ಪೆಕ್ಟರ್ ದರ್ಜೆಗಿಂತ ಕೆಳಗಿಲ್ಲದ ಮಹಿಳಾ ಅಧಿಕಾರಿ, ಸಮವಸ್ತ್ರ ಧರಿಸದೆ ದಾಖಲಿಸಿಕೊಳ್ಳಬೇಕು. ಪೊಲೀಸರು 24 ಗಂಟೆಗಳೊಳಗೆ ಮಕ್ಕಳ ಕಲ್ಯಾಣ ಸಮಿತಿಗೆ ವರದಿ ಮಾಡಬೇಕು. ಪೋಷಕರು ತಾವೇ ಮಗುವನ್ನು ಮತ್ತೆ ಮತ್ತೆ ಪ್ರಶ್ನಿಸುವುದನ್ನೂ, ವಾಟ್ಸ್‌ಆ್ಯಪ್ ಗುಂಪಿನಲ್ಲಿ ಹೆಸರು ಹಂಚುವುದನ್ನೂ ಕೂಡಲೇ ನಿಲ್ಲಿಸಬೇಕು.

ಅರ್ಜಿಯ ಭಾಷೆ, ಗಡಿಯ ತೊಡಕು

ಕೇರಳದ 1969ರ ಅಧಿಕೃತ ಭಾಷಾ ಕಾಯಿದೆಯು ಕನ್ನಡ ಮತ್ತು ತಮಿಳು ಅಲ್ಪಸಂಖ್ಯಾತರಿಗೆ ಸೆಕ್ರೆಟೇರಿಯಟ್, ಇಲಾಖಾ ಮುಖ್ಯಸ್ಥರು ಹಾಗೂ ಭಾಷಾ ಅಲ್ಪಸಂಖ್ಯಾತ ಪ್ರದೇಶವೆಂದು ಘೋಷಿತವಾದೆಡೆಯ ಸರಕಾರಿ ಕಚೇರಿಗಳೊಂದಿಗೆ ತಮ್ಮ ಭಾಷೆಯಲ್ಲೇ ಪತ್ರವ್ಯವಹಾರ ನಡೆಸುವ ಅವಕಾಶ ಕೊಟ್ಟಿತು. ಉತ್ತರವೂ ಅದೇ ಭಾಷೆಯಲ್ಲಿ ಬರಬೇಕೆಂದು ವಿಧಿಸಿತು. ಆದುದರಿಂದ ಅರ್ಜಿಯನ್ನು ಕನ್ನಡದಲ್ಲೇ ಬರೆಯಿರಿ, ಕೊನೆಯಲ್ಲಿ 'ಉತ್ತರವನ್ನು ಕನ್ನಡದಲ್ಲಿ ನೀಡಬೇಕಾಗಿ ವಿನಂತಿ' ಎಂಬ ಸಾಲನ್ನು ಸೇರಿಸಿರಿ. ಕೆಲಸ ಬೇಗ ಆಗಲೆಂಬ ಅವಸರವಿದ್ದರೆ ಜೊತೆಗೆ ಮಲಯಾಳದ ಸಾರಾಂಶವೊಂದನ್ನು ಲಗತ್ತಿಸುವುದರಲ್ಲಿ ಅವಮಾನವೇನೂ ಇಲ್ಲ.

ನೆಂಟರು ಮಂಗಳೂರಿನಲ್ಲಿದ್ದಾರೆಂದು ಅಲ್ಲಿನ ಶಿಕ್ಷಣ ಇಲಾಖೆಗೆ ಬರೆಯುವವರಿದ್ದಾರೆ. 1956ರ ನವೆಂಬರ್ 1ರಿಂದ ಕಾಸರಗೋಡು ಕೇರಳದಲ್ಲಿರುವುದರಿಂದ ಇಲ್ಲಿನ ಶಾಲೆಯ ದೂರಿನ ಮೇಲ್ಮನವಿ ತಿರುವನಂತಪುರದ ಬಾಲಹಕ್ಕು ಆಯೋಗಕ್ಕೇ ಹೋಗಬೇಕು. ಆದರೆ ಮಗು ತಲಪ್ಪಾಡಿ ದಾಟಿ ಕರ್ನಾಟಕದ ಶಾಲೆಗೆ ಹೋಗುತ್ತಿದ್ದರೆ ಇಲಾಖಾ ದೂರು ಅಲ್ಲಿನದು. ಅಪರಾಧದ ದೂರಿಗೆ ಮಾತ್ರ ಗಡಿಯ ಕಟ್ಟಿಲ್ಲ. 2024ರ ಜುಲೈ 1ರಂದು ಜಾರಿಗೆ ಬಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 173ನೇ ಸೆಕ್ಷನ್ ಪ್ರಕಾರ ಘಟನೆ ಎಲ್ಲೇ ನಡೆದಿರಲಿ, ಹತ್ತಿರದ ಠಾಣೆಯಲ್ಲಿ ದೂರು ಕೊಡಬಹುದು. 'ಇದು ನಮ್ಮ ವ್ಯಾಪ್ತಿಯಲ್ಲ' ಎಂದು ಮಂಜೇಶ್ವರದವರು ಉಳ್ಳಾಲಕ್ಕೂ, ಉಳ್ಳಾಲದವರು ಮಂಜೇಶ್ವರಕ್ಕೂ ಅಟ್ಟುವಂತಿಲ್ಲ.

ದೂರಿನ ಬಳಿಕ ಮಗುವನ್ನು ಬೇರೆ ಶಾಲೆಗೆ ಸೇರಿಸುವುದು ಅನಿವಾರ್ಯವಾದರೆ, ಶಿಕ್ಷಣ ಹಕ್ಕು ಕಾಯಿದೆಯ 5ನೇ ಸೆಕ್ಷನ್ ನೋಡಿರಿ. ಎಂಟನೇ ತರಗತಿಯವರೆಗಿನ ಮಗು ರಾಜ್ಯದೊಳಗೆ ಅಥವಾ ರಾಜ್ಯದ ಹೊರಗೆ ಇನ್ನೊಂದು ಸರಕಾರಿ ಅಥವಾ ಅನುದಾನಿತ ಶಾಲೆಗೆ ವರ್ಗವಾಗಲು ಕೋರಿದರೆ ಮುಖ್ಯೋಪಾಧ್ಯಾಯರು ಕೂಡಲೇ ವರ್ಗಾವಣೆ ಪತ್ರ ಕೊಡಬೇಕು. ಪತ್ರ ಬರಲು ತಡವಾಯಿತೆಂದು ಹೊಸ ಶಾಲೆಯು ಮಗುವನ್ನು ಸೇರಿಸಿಕೊಳ್ಳದೆ ಇರುವಂತಿಲ್ಲ, ಆ ಶಾಲೆ ಗಡಿಯ ಈಚೆಗಿನ ಹೊಸಂಗಡಿಯಲ್ಲಿರಲಿ, ಆಚೆಗಿನ ತೊಕ್ಕೊಟ್ಟಿನಲ್ಲಿರಲಿ.